ಅಮೆರಿಕದ ನಿವೃತ್ತರ ಊರುಗಳಲ್ಲಿ ನೆಲೆಸುವವರಿಗೆ

ವಯಸ್ಸು ಐವತ್ತೈದು ದಾಟಿದ, ಆದರೆ ಕೈಕಾಲು ಇನ್ನೂ ಗಟ್ಟಿಯಿರುವ ಜನರಿಗೆಂದೇ ನಕ್ಷೆ ಹಾಕಿ ಕಟ್ಟಿದ ದೊಡ್ಡ ಊರುಗಳು ಅಮೆರಿಕದಲ್ಲಿ ಹಲವಿವೆ. 1960ರ ಜನವರಿ 1ರಂದು ಕಟ್ಟಡ ಉದ್ಯಮಿ ಡೆಲ್ ವೆಬ್ ಅವರ ಕಂಪನಿ ಅರಿಜೋನಾದ ಫೀನಿಕ್ಸ್ ಬಳಿ ಸನ್ ಸಿಟಿಯನ್ನು ತೆರೆದಾಗ ಅಲ್ಲಿದ್ದ ಮಾದರಿ ಮನೆಗಳು ಐದೇ. ಆದರೆ ಗಾಲ್ಫ್ ಮೈದಾನ, ಅಂಗಡಿ ಸಾಲು ಮತ್ತು ಮನರಂಜನಾ ಕೇಂದ್ರ ಆಗಲೇ ಸಿದ್ಧವಾಗಿದ್ದವು. ಮೊದಲು ಬದುಕಿನ ಸೌಕರ್ಯಗಳನ್ನು ತೋರಿಸಿ ಆಮೇಲೆ ಮನೆ ಮಾರುವ ಆ ಕ್ರಮವೇ ಇಂದಿಗೂ ಈ ಊರುಗಳ ವ್ಯಾಪಾರದ ತಿರುಳು. ಫ್ಲಾರಿಡಾದ ದಿ ವಿಲೇಜಸ್ ಮೊದಲಿಗೆ ಆರೆಂಜ್ ಬ್ಲಾಸಮ್ ಗಾರ್ಡನ್ಸ್ ಎಂಬ, ಕಾರ್ಖಾನೆಯಲ್ಲಿ ಕಟ್ಟಿ ಸಾಗಿಸಿ ತರುವ ಮೊಬೈಲ್ ಮನೆಗಳ ಬಡಾವಣೆಯಾಗಿತ್ತು. 1992ರಲ್ಲಿ ಈಗಿನ ಹೆಸರು ಪಡೆದ ಅದು ಬೆಳೆಯುತ್ತ ಹೋಗಿ, 2020ರ ಜನಗಣತಿಯ ಹೊತ್ತಿಗೆ ಅದನ್ನು ಕೇಂದ್ರವಾಗಿಟ್ಟ ನಗರ ಪ್ರದೇಶದ ಜನಸಂಖ್ಯೆ 1,29,752ಕ್ಕೆ ಮುಟ್ಟಿತ್ತು. ಆ ದಶಕದಲ್ಲಿ ದೇಶದ ಬೇರಾವ ನಗರ ಪ್ರದೇಶವೂ ಅಷ್ಟು ವೇಗವಾಗಿ ಬೆಳೆಯಲಿಲ್ಲ.

ಇಂಥ ಊರಿನಲ್ಲಿ ಮನೆ ಕೊಳ್ಳುವವರು ಮನೆಯ ಜೊತೆಗೆ ಒಂದು ಇಡೀ ವ್ಯವಸ್ಥೆಯ ಕರಾರಿಗೂ ಸಹಿ ಹಾಕಿರುತ್ತಾರೆ. ಈಜುಕೊಳ, ಸಂಜೆಯ ಸಂಗೀತ, ಕತ್ತರಿಸಿದ ಹುಲ್ಲುಹಾಸು ಇವೆಲ್ಲ ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ, ಕರಾರು ಮಾತ್ರ ಬೀಳುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಸೌಕರ್ಯಗಳಿಗಿಂತ ಕರಾರಿನ ಮಾತೇ ಹೆಚ್ಚು. ಉದಾಹರಣೆಗಳನ್ನು ಬಹುಪಾಲು ದಿ ವಿಲೇಜಸ್‌ನಿಂದ ತೆಗೆದುಕೊಂಡಿದ್ದೇನೆ.

ಮೊದಲು ಬಾಡಿಗೆಗಿದ್ದು ನೋಡಿ

ಬಡಾವಣೆ ಕಟ್ಟಿದವರೇ ಏರ್ಪಡಿಸುವ ಕೆಲವು ದಿನಗಳ ವಾಸ್ತವ್ಯವನ್ನು ನಂಬಿ ಮನೆ ಕೊಳ್ಳಬಾರದು. ನಿಮ್ಮದೇ ಖರ್ಚಿನಲ್ಲಿ, ಸಾಧ್ಯವಾದರೆ ಎರಡು ಬೇರೆ ಬೇರೆ ಋತುಗಳಲ್ಲಿ, ಬಾಡಿಗೆ ಮನೆ ಹಿಡಿದು ಇದ್ದು ನೋಡುವುದು ಉತ್ತಮ. ಜನವರಿಯಿಂದ ಮಾರ್ಚ್‌ವರೆಗೆ ಉತ್ತರದ ರಾಜ್ಯಗಳ ಚಳಿ ತಪ್ಪಿಸಿಕೊಂಡು ಬರುವವರು ಫ್ಲಾರಿಡಾವನ್ನು ತುಂಬುತ್ತಾರೆ. ಆ ತಿಂಗಳುಗಳಲ್ಲಿ ಗಾಲ್ಫ್ ಆಟಕ್ಕೆ ಸಮಯ ಕಾಯ್ದಿರಿಸುವುದೂ ಊಟಕ್ಕೆ ಮೇಜು ಸಿಗುವುದೂ ಕಷ್ಟ, ಆದರೆ ಊರು ಕಳೆಗಟ್ಟಿರುತ್ತದೆ. ಆಗಸ್ಟ್‌ನಲ್ಲಿ ಅದೇ ಬೀದಿಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಮಧ್ಯಾಹ್ನವಾದರೆ ಗುಡುಗು ಸಿಡಿಲಿನ ಮಳೆ, ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಅರಿಜೋನಾದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ ಸಂಗತಿ. ವರ್ಷವಿಡೀ ಅಲ್ಲೇ ಇರಬೇಕೆಂದಿದ್ದರೆ ನೋಡಬೇಕಾದದ್ದು ಆ ಕೆಟ್ಟ ತಿಂಗಳನ್ನೇ.

ಬಾಡಿಗೆಗಿರುವಾಗ ಪ್ರವಾಸಿಯಂತೆ ಸುತ್ತಾಡುವುದು ಬೇಡ. ದಿನಸಿ ತನ್ನಿ, ಹಲ್ಲಿನ ವೈದ್ಯರಲ್ಲಿಗೆ ಹೋಗಿ, ಸೇರಬೇಕೆಂದಿರುವ ಕ್ಲಬ್ಬಿನ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ. ಬಾಡಿಗೆದಾರರಿಗೆ ಈಜುಕೊಳ ಮತ್ತು ಕೇಂದ್ರಗಳನ್ನು ಬಳಸಲು ಬೇಕಾದ ಗುರುತಿನ ಚೀಟಿ ಸಿಗುತ್ತದೆಯೇ ಎಂಬುದನ್ನು ಮನೆ ಮಾಲೀಕರಿಂದ ಮೊದಲೇ ತಿಳಿದುಕೊಳ್ಳಿ.

ವಯಸ್ಸಿನ ನಿಯಮ

ಮಕ್ಕಳಿರುವ ಕುಟುಂಬಗಳಿಗೆ ಮನೆ ನಿರಾಕರಿಸುವುದನ್ನು ವಸತಿಯಲ್ಲಿ ತಾರತಮ್ಯ ತಡೆಯುವ ಕಾಯ್ದೆಯ 1988ರ ತಿದ್ದುಪಡಿ ಅಮೆರಿಕದಲ್ಲಿ ಕಾನೂನುಬಾಹಿರಗೊಳಿಸಿತು. ಹಿರಿಯರ ಬಡಾವಣೆಗಳು ಅದಕ್ಕೆ ವಿನಾಯಿತಿ. 1995ರ ಹಿರಿಯ ನಾಗರಿಕರ ವಸತಿ ಕಾಯ್ದೆಯ ಪ್ರಕಾರ, ವಾಸವಿರುವ ಮನೆಗಳಲ್ಲಿ ಕನಿಷ್ಠ ಶೇ. 80ರಷ್ಟರಲ್ಲಿ 55 ತುಂಬಿದವರು ಒಬ್ಬರಾದರೂ ಇರಬೇಕು, ಮತ್ತು ಬಡಾವಣೆ ತನ್ನ ಉದ್ದೇಶವನ್ನು ಲಿಖಿತ ನಿಯಮಗಳಲ್ಲಿ ಪ್ರಕಟಿಸಿ, ನಿವಾಸಿಗಳ ವಯಸ್ಸನ್ನು ಕಾಲಕಾಲಕ್ಕೆ ಪರಿಶೀಲಿಸುತ್ತಿರಬೇಕು. ಉಳಿದ ಶೇ. 20 ಕಿರಿಯರ ಹಕ್ಕು ಎಂದು ಹಲವರು ಭಾವಿಸುತ್ತಾರೆ, ಅದು ತಪ್ಪು. ಆ ಪಾಲನ್ನು ಯಾರಿಗೆ ಕೊಡಬೇಕು, ಕೊಡಬೇಕೇ ಬೇಡವೇ ಎಂಬುದನ್ನು ಆಯಾ ಬಡಾವಣೆಯ ನಿಯಮಗಳೇ ತೀರ್ಮಾನಿಸುತ್ತವೆ.

ಗಂಡನಿಗೆ 60, ಹೆಂಡತಿಗೆ 50 ಆಗಿರುವ ದಂಪತಿ ಮನೆ ಕೊಂಡ ಮೇಲೆ ಗಂಡ ತೀರಿಕೊಂಡರೆ ಹೆಂಡತಿ ಅಲ್ಲೇ ಇರಬಹುದೇ? ಮನೆ ಮಗನಿಗೆ ಉಯಿಲಿನಲ್ಲಿ ಹೋದರೆ, 40 ವರ್ಷದ ಆತ ಅದರ ಮಾಲೀಕನಾಗಬಹುದು ನಿಜ, ಆದರೆ ಅಲ್ಲಿ ವಾಸ ಮಾಡಬಹುದೇ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಕ್ರಯಪತ್ರಕ್ಕೆ ಅಂಟಿದ ನಿರ್ಬಂಧಗಳ ದಾಖಲೆಯಲ್ಲೇ ತೋರಿಸುವಂತೆ ಕೇಳಬೇಕು. ಮೊಮ್ಮಕ್ಕಳ ವಿಷಯವೂ ಅಲ್ಲೇ ಬರೆದಿರುತ್ತದೆ. ದಿ ವಿಲೇಜಸ್‌ನಲ್ಲಿ 19 ತುಂಬದವರು ಖಾಯಂ ವಾಸ ಮಾಡುವಂತಿಲ್ಲ, ಅತಿಥಿಗಳಾಗಿ ವರ್ಷಕ್ಕೆ 30 ದಿನ ಉಳಿಯಬಹುದು. ಏನೋ ಕಾರಣಕ್ಕೆ ಮೊಮ್ಮಕ್ಕಳನ್ನು ಸಾಕುವ ಹೊಣೆ ನಿಮ್ಮ ಮೇಲೆ ಬೀಳುವ ಸಾಧ್ಯತೆ ಕಿಂಚಿತ್ತಾದರೂ ಇದ್ದರೆ, ಇಂಥ ಊರನ್ನು ಆರಿಸಿಕೊಳ್ಳದಿರುವುದೇ ಲೇಸು.

ಬೆಲೆಯಾಚೆಗಿನ ಖರ್ಚು

ಜಾಹೀರಾತಿನಲ್ಲಿ ಕಾಣುವ ಬೆಲೆ ಲೆಕ್ಕದ ಒಂದು ಭಾಗ ಮಾತ್ರ. ದಿ ವಿಲೇಜಸ್‌ನ ರಸ್ತೆ, ಚರಂಡಿ, ನೀರಿನ ವ್ಯವಸ್ಥೆಗಳನ್ನು ನಗರಸಭೆ ಕಟ್ಟಿದ್ದಲ್ಲ. ಫ್ಲಾರಿಡಾದ ಕಾನೂನಿನಡಿ ಸ್ಥಾಪಿತವಾದ ಕಮ್ಯುನಿಟಿ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್ ಎಂಬ ವಿಶೇಷ ಸಂಸ್ಥೆಗಳು ಬಾಂಡ್ ಮೂಲಕ ಸಾಲವೆತ್ತಿ ಕಟ್ಟಿದಂಥವು. ಆ ಸಾಲದಲ್ಲಿ ಪ್ರತಿ ಮನೆಗೂ ಒಂದು ಪಾಲಿದೆ. ಹೊಸ ಮನೆ ಕೊಂಡವರು ಅದನ್ನು ಒಮ್ಮೆಲೇ ತೀರಿಸಬಹುದು, ಇಲ್ಲವೇ ದೀರ್ಘ ಕಾಲ ಬಡ್ಡಿ ಸಮೇತ ಆಸ್ತಿ ತೆರಿಗೆಯ ಬಿಲ್ಲಿನ ಜೊತೆಯಲ್ಲೇ ಕಟ್ಟುತ್ತ ಹೋಗಬಹುದು. ಹಳೆಯ ಭಾಗದ ಮನೆಗಳಲ್ಲಿ ಬಾಂಡ್ ಪೂರ್ತಿ ತೀರಿರುವುದೂ ಉಂಟು. ಹೀಗಾಗಿ ಒಂದೇ ಬೆಲೆ ಹೇಳುವ ಎರಡು ಮನೆಗಳ ನಿಜವಾದ ಬೆಲೆಯಲ್ಲಿ ಸಾವಿರಾರು ಡಾಲರುಗಳ ಅಂತರವಿರಬಹುದು. ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಬಾಂಡ್ ಎಷ್ಟು ಬಾಕಿಯಿದೆ ಎಂಬುದು.

ಎರಡನೆಯದು ತಿಂಗಳ ಅಮೆನಿಟಿ ಶುಲ್ಕ. ಈಜುಕೊಳ, ಕೇಂದ್ರಗಳು ಮತ್ತು ಚಿಕ್ಕ ಗಾಲ್ಫ್ ಮೈದಾನಗಳ ಬಳಕೆ ಇದರಿಂದಲೇ ನಡೆಯುತ್ತದೆ. ನೀವು ನೀರಿಗಿಳಿಯದಿದ್ದರೂ ಗಾಲ್ಫ್ ಕೋಲು ಮುಟ್ಟದಿದ್ದರೂ ಶುಲ್ಕ ತಪ್ಪುವುದಿಲ್ಲ, ಮತ್ತು ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಅದು ಏರುತ್ತಿರುತ್ತದೆ. ಚಿಕ್ಕ ಮೈದಾನಗಳಲ್ಲಿ ಆಟ ಉಚಿತ ಎಂಬ ಮಾತು ಸರಿಯೇ, ಆದರೆ ಸ್ವಂತ ಗಾಲ್ಫ್ ಕಾರ್ಟ್ (ಮೈದಾನದಲ್ಲಿ ಓಡಾಡುವ ಚಿಕ್ಕ ಗಾಡಿ) ಒಳಗೆ ಓಡಿಸಲು ಬೇರೆ ಶುಲ್ಕವಿದೆ. ದೊಡ್ಡ ಮೈದಾನಗಳ ಲೆಕ್ಕವೇ ಬೇರೆ. ಸನ್ ಸಿಟಿಯಲ್ಲಿ ಬಾಂಡ್ ಬದಲಿಗೆ ವಾರ್ಷಿಕ ಶುಲ್ಕವೂ, ಮನೆ ಕೊಳ್ಳುವಾಗ ಒಮ್ಮೆ ಕಟ್ಟಬೇಕಾದ ದೊಡ್ಡ ಮೊತ್ತವೂ ಇವೆ.

ಮೂರನೆಯದು ತೆರಿಗೆ. ಫ್ಲಾರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂಬ ಒಂದೇ ಕಾರಣಕ್ಕೆ ಬರುವವರು ಆಸ್ತಿ ತೆರಿಗೆಯನ್ನು ಸರಿಯಾಗಿ ಓದುವುದಿಲ್ಲ. ಖಾಯಂ ನಿವಾಸಿಗಳ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಹೆಚ್ಚೆಂದರೆ ಶೇ. 3ರಷ್ಟು ಏರುವಂತೆ ಮಿತಿಯಿದೆ. ಆದರೆ ಮನೆ ಕೈಬದಲಾದಾಗ ಆ ಮಿತಿ ಕಳಚಿ, ಮರುವರ್ಷ ಮಾರುಕಟ್ಟೆ ಬೆಲೆಯ ಮೇಲೆ ಹೊಸ ಲೆಕ್ಕ ಶುರುವಾಗುತ್ತದೆ. ಹಿಂದಿನ ಮಾಲೀಕರು ತೋರಿಸುವ ತೆರಿಗೆ ರಸೀದಿ ನಿಮ್ಮ ತೆರಿಗೆಯ ಅಂದಾಜಲ್ಲ. ಖಾಯಂ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ಎಂಬ ತೆರಿಗೆ ವಿನಾಯಿತಿಗೆ ಮಾರ್ಚ್ 1ರೊಳಗೆ ನೀವೇ ಅರ್ಜಿ ಹಾಕಬೇಕು, ಮತ್ತು ಆ ವಿನಾಯಿತಿ ಬಾಂಡಿನ ಕಂತಿಗಾಗಲೀ ನಿರ್ವಹಣಾ ಶುಲ್ಕಕ್ಕಾಗಲೀ ಅನ್ವಯಿಸುವುದಿಲ್ಲ. 2019ರಲ್ಲಿ, ದಿ ವಿಲೇಜಸ್‌ನ ಬಹುಭಾಗ ಇರುವ ಸಮ್ಟರ್ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಆಸ್ತಿ ತೆರಿಗೆಯ ದರವನ್ನು ಸುಮಾರು ಶೇ. 25ರಷ್ಟು ಏರಿಸಿದಾಗ ಎದ್ದ ಸಿಟ್ಟು ಮರುವರ್ಷದ ಚುನಾವಣೆಯಲ್ಲಿ ಕೌಂಟಿ ಮಂಡಳಿಯ ಹಾಲಿ ಸದಸ್ಯರನ್ನು ಸೋಲಿಸಿತು. ವೇಗವಾಗಿ ಬೆಳೆಯುವ ಊರಿನ ಹೊಸ ರಸ್ತೆಗಳಿಗೆ ಹಣ ಯಾರು ಕೊಡಬೇಕೆಂಬ ಜಗಳ ಅದು.

ಇನ್ನು ಮನೆ ವಿಮೆ. ಕೇಂದ್ರ ಫ್ಲಾರಿಡಾದ ಸುಣ್ಣಕಲ್ಲಿನ ನೆಲ ಅಲ್ಲಲ್ಲಿ ಕುಸಿದು ಗುಂಡಿ ಬೀಳುತ್ತಿರುತ್ತದೆ. ಮನೆ ವಾಸಯೋಗ್ಯವಲ್ಲದಷ್ಟು ಪೂರ್ಣ ಕುಸಿತಕ್ಕೆ ವಿಮೆ ಕೊಡಲೇಬೇಕೆಂದು ಕಾನೂನಿದ್ದರೂ, ಅದಕ್ಕಿಂತ ಕಡಿಮೆ ಹಾನಿಗೆ ಬೇರೆಯೇ ರಕ್ಷಣೆ ಕೊಳ್ಳಬೇಕಾಗುತ್ತದೆ. ಚಾವಣಿ ಹಳೆಯದಾಗಿದ್ದರೆ ವಿಮೆ ಸಿಗುವುದೇ ಕಷ್ಟವಾಗಬಹುದು; ಮುಂಗಡ ಕೊಡುವ ಮೊದಲು ವಿಮೆಯ ದರ ಕೇಳಿಕೊಳ್ಳಿ.

ಮನೆ ಆರಿಸುವಾಗ

ದಿ ವಿಲೇಜಸ್‌ನಲ್ಲಿ ಮಾರಾಟಕ್ಕಿರುವ ಮನೆಗಳನ್ನೆಲ್ಲ ಒಬ್ಬನೇ ದಲ್ಲಾಳಿ ತೋರಿಸಲಾರ. ಹೊಸ ಮನೆಗಳೂ ಕೆಲವು ಹಳೆಯ ಮನೆಗಳೂ ಕಟ್ಟಿದ ಕಂಪನಿಯ ಮಾರಾಟ ವಿಭಾಗದಲ್ಲಿರುತ್ತವೆ, ಉಳಿದವು ಹೊರಗಿನ ದಲ್ಲಾಳಿಗಳ ಪಟ್ಟಿಯಲ್ಲಿ. ಎರಡೂ ಕಡೆ ನೋಡದೆ ಬೆಲೆ ಹೋಲಿಸಲಾಗದು. ಊರಿನ ದಿನಪತ್ರಿಕೆಯೂ ಕಂಪನಿಯ ಬಳಗದ್ದೇ ಆಗಿರುವುದರಿಂದ, ಅದನ್ನು ಓದುವಾಗ ಆ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಎಲ್ಲಿ ಕೊಳ್ಳಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ: ನೀವು ಕಾರು ಓಡಿಸುವುದನ್ನು ನಿಲ್ಲಿಸುವ ದಿನವನ್ನು ಊಹಿಸಿಕೊಂಡು ಜಾಗ ಆರಿಸಿ. ಹೊಸ ಭಾಗಗಳು ಚೆನ್ನಾಗಿರುತ್ತವೆ, ಆದರೆ ಅಂಗಡಿ, ವೈದ್ಯರು, ಊರಿನ ಚೌಕ ಮೈಲುಗಟ್ಟಲೆ ದೂರವಿರಬಹುದು. ಹೊಂಡಕ್ಕೋ ಗಾಲ್ಫ್ ಮೈದಾನಕ್ಕೋ ಮುಖಮಾಡಿದ ಮನೆಗೆ ಹೆಚ್ಚು ಹಣ ಕೊಡುವುದಕ್ಕಿಂತ, ದಿನಸಿ ಅಂಗಡಿಗೆ ಕಾರ್ಟ್‌ನಲ್ಲಿ ಹತ್ತು ನಿಮಿಷದಲ್ಲಿ ತಲುಪುವ ಮನೆಗೆ ಕೊಡುವುದು ಮೇಲು. ಬಚ್ಚಲಿಗೆ ಮೆಟ್ಟಿಲಿಲ್ಲದ ಪ್ರವೇಶ ಮತ್ತು ಗಾಲಿಕುರ್ಚಿ ಹಿಡಿಸುವಷ್ಟು ಅಗಲದ ಬಾಗಿಲು ಈಗಲೇ ಇರಲಿ. ಬೇಕಾದಾಗ ಒಡೆದು ಕಟ್ಟಿಸಿದರಾಯಿತು ಎಂದುಕೊಂಡರೆ, ಬೇಕಾಗುವ ಹೊತ್ತಿಗೆ ಒಡೆಸುವ ತಾಳ್ಮೆ ಇರುವುದಿಲ್ಲ.

ಹೊರಗೋಡೆಯ ಬಣ್ಣ, ಅಂಗಳದ ಹಾಸು, ಹೊಸ ಚಪ್ಪರ ಇಂಥವಕ್ಕೆ ಬಡಾವಣೆಯ ಸಮಿತಿಯ ಅನುಮತಿ ಬೇಕು. ಅಂಗಳದಲ್ಲಿ ಅಲಂಕಾರದ ಗೊಂಬೆ ಇಡಬಹುದೇ ಎಂಬುದಕ್ಕೂ ನಿಯಮವುಂಟು, ಮತ್ತು ಅದು ಬೀದಿಯಿಂದ ಬೀದಿಗೆ ಬೇರೆಯಾಗಿರಬಹುದು. ಕ್ರಮ ಬಹುಮಟ್ಟಿಗೆ ಯಾರಾದರೂ ದೂರು ಕೊಟ್ಟ ಮೇಲೆ ನಡೆಯುವುದರಿಂದ, ಪಕ್ಕದ ಮನೆಯಲ್ಲಿ ಇದೆ ಎಂದ ಮಾತ್ರಕ್ಕೆ ಅದು ನಿಯಮಬದ್ಧವಾಗಿದೆ ಎಂದು ತಿಳಿಯಬೇಡಿ.

ನಿತ್ಯದ ಓಡಾಟ ಮತ್ತು ಒಡನಾಟ

ಗಾಲ್ಫ್ ಕಾರ್ಟ್ ಇಲ್ಲಿ ಆಟದ ಸಾಮಾನಲ್ಲ, ಊರಿನ ವಾಹನ. ಹೆದ್ದಾರಿಯ ಕೆಳಗೂ ಮೇಲೂ ಅದಕ್ಕೆಂದೇ ಸುರಂಗ, ಸೇತುವೆಗಳಿವೆ. ಗಂಟೆಗೆ 20 ಮೈಲು ಮೀರದ್ದು ಕಾನೂನಿನ ಲೆಕ್ಕದಲ್ಲಿ ಗಾಲ್ಫ್ ಕಾರ್ಟ್. ಅದಕ್ಕಿಂತ ವೇಗವಾಗಿ 25 ಮೈಲಿನವರೆಗೆ ಓಡುವುದಕ್ಕೆ ನೋಂದಣಿ, ವಿಮೆ, ಚಾಲನಾ ಪರವಾನಗಿ ಎಲ್ಲವೂ ಬೇಕು. ಆದ್ದರಿಂದ ಕಾರ್ಟ್‌ನ ವೇಗ ಹೆಚ್ಚಿಸಿಕೊಡುತ್ತೇನೆನ್ನುವ ಮೆಕ್ಯಾನಿಕ್‌ಗೆ ಒಪ್ಪಬೇಡಿ. ಕಡ್ಡಾಯವಲ್ಲದಿದ್ದರೂ ವಿಮೆ ಮಾಡಿಸಿ, ಸೀಟ್ ಬೆಲ್ಟ್ ಹಾಕಿಸಿ; ತಿರುವಿನಲ್ಲಿ ಹೊರಕ್ಕೆ ಬಿದ್ದು ತಲೆಗೆ ಪೆಟ್ಟಾಗುವುದೇ ಇದರ ದೊಡ್ಡ ಅಪಾಯ. ಚೌಕದಲ್ಲಿ ಎರಡು ಲೋಟ ಕುಡಿದು ಕಾರ್ಟ್ ಏರಿದರೂ ಕಾರಿಗಿರುವ ಕಾನೂನೇ ಅನ್ವಯಿಸುತ್ತದೆ.

ಸ್ಪ್ಯಾನಿಷ್ ಸ್ಪ್ರಿಂಗ್ಸ್, ಲೇಕ್ ಸಮ್ಟರ್ ಲ್ಯಾಂಡಿಂಗ್, ಬ್ರೌನ್‌ವುಡ್ ಚೌಕಗಳಲ್ಲಿ ಸಂಜೆಯ ಸಂಗೀತಕ್ಕೆ ಟಿಕೆಟ್ ಇಲ್ಲ. ಮೊದಲ ತಿಂಗಳು ಎಲ್ಲದಕ್ಕೂ ಹೋಗಬೇಕೆನಿಸುವುದು ಸಹಜ. ಆದರೆ ಚೌಕದಲ್ಲಿ ಕುಣಿದವರೆಲ್ಲ ಗೆಳೆಯರಾಗುವುದಿಲ್ಲ. ವಾರವಾರ ಅದೇ ಮುಖಗಳು ಸೇರುವ, ಒಬ್ಬರು ಬಾರದಿದ್ದರೆ ಉಳಿದವರಿಗೆ ಗೊತ್ತಾಗುವ ಚಿಕ್ಕ ಗುಂಪು ಒಂದು ಬೇಕು: ಮರಗೆಲಸದ ಶೆಡ್, ಹಾಡಿನ ಬಳಗ, ಇಸ್ಪೀಟು, ಪಿಕಲ್‌ಬಾಲ್, ಯಾವುದಾದರೂ ಸರಿ. ದಂಪತಿಗಳು ಬೇರೆ ಬೇರೆ ಗುಂಪು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಜೋಡಿಯಾಗಿಯೇ ಕಟ್ಟಿಕೊಂಡ ಒಡನಾಟ ಒಬ್ಬರು ಹೋದ ಮೇಲೆ ಬಹಳ ಬೇಗ ಸಡಿಲವಾಗುತ್ತದೆ.

ವೈದ್ಯಕೀಯ ವಿಮೆ ಮತ್ತು ಆರೈಕೆ

ಹಿರಿಯರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ 65ಕ್ಕೆ ಶುರುವಾಗುತ್ತದೆ. 55ಕ್ಕೇ ಮನೆ ಕೊಂಡವರು ನಡುವಿನ ಹತ್ತು ವರ್ಷಗಳ ವಿಮೆಯ ಲೆಕ್ಕವನ್ನು ಮನೆಯ ಲೆಕ್ಕದ ಜೊತೆಯಲ್ಲೇ ಹಾಕಬೇಕು. ಮೂಲ ಮೆಡಿಕೇರ್ ಅನ್ನು ದೇಶದೆಲ್ಲೆಡೆ ಅದನ್ನು ಒಪ್ಪುವ ವೈದ್ಯರಲ್ಲಿ ಬಳಸಬಹುದು. ಅದರ ಬದಲಿಗೆ ಆರಿಸಿಕೊಳ್ಳಬಹುದಾದ, ಖಾಸಗಿ ಕಂಪನಿಗಳು ನಡೆಸುವ ಅಡ್ವಾಂಟೇಜ್ ಪ್ಲಾನ್‌ಗಳಿಗೆ ಮಾತ್ರ ಪ್ರದೇಶದ ಮಿತಿಯಿದೆ: ರಾಜ್ಯ ಬದಲಿಸಿದವರು ಹೊಸ ಪ್ಲಾನ್ ಆರಿಸಿಕೊಳ್ಳಬೇಕು, ಅರ್ಧ ವರ್ಷ ಉತ್ತರದಲ್ಲಿ ಕಳೆಯುವವರು ಆ ಅವಧಿಯಲ್ಲಿ ತುರ್ತಲ್ಲದ ಚಿಕಿತ್ಸೆ ಅಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಹೊಸ ರೋಗಿಗಳನ್ನು ತೆಗೆದುಕೊಳ್ಳುವ ವೈದ್ಯರನ್ನು ಸಾಮಾನು ಸಾಗಿಸುವ ಮೊದಲೇ ಹುಡುಕಿಡಿ.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಊರು ವೃದ್ಧಾಶ್ರಮವಲ್ಲ. ಬಿದ್ದು ಸೊಂಟ ಮುರಿದರೆ, ಮರೆವು ಹೆಚ್ಚಾದರೆ ನೋಡಿಕೊಳ್ಳುವ ಹೊಣೆ ಬಡಾವಣೆಯದಲ್ಲ. ಸ್ನಾನ, ಊಟ, ಬಟ್ಟೆಯಂಥ ನಿತ್ಯದ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ಕೂಡ ಹಣ ಕೊಡುವುದಿಲ್ಲ. ಮನೆಗೆ ಬಂದು ಹೋಗುವ ಸಹಾಯಕರನ್ನು ನೇಮಿಸಿಕೊಳ್ಳಬೇಕು ಅಥವಾ ಆರೈಕೆಯಿರುವ ಬೇರೆ ಸಂಸ್ಥೆಗೆ ಹೋಗಬೇಕು. ಹೋಗುವಾಗ ಮನೆ ಮಾರಿ ಬರುವ ಹಣದಿಂದಲೇ ಅದು ನಡೆಯಬೇಕಾಗಬಹುದು. ಎಂದರೆ ಮಾರಲು ಸುಲಭವಾದ, ಸಾಧಾರಣ ಅಳತೆಯ ಮನೆ ಇಲ್ಲಿ ಒಂದು ಬಗೆಯ ಆರೈಕೆ ವಿಮೆಯೇ ಹೌದು.

ಮಕ್ಕಳು ದೂರದ ರಾಜ್ಯದಲ್ಲಿದ್ದರೆ, ಹಣಕಾಸಿನ ಮತ್ತು ವೈದ್ಯಕೀಯ ನಿರ್ಧಾರಗಳ ಅಧಿಕಾರಪತ್ರಗಳನ್ನು ಹೊಸ ರಾಜ್ಯದ ವಕೀಲರಿಂದ ಮತ್ತೆ ಬರೆಸಿಡಿ. ಅವುಗಳ ಪ್ರತಿಗಳು, ಬಾಂಡಿನ ಬಾಕಿಯ ಪತ್ರ, ವಿಮೆಯ ಪಾಲಿಸಿ, ಔಷಧಿಗಳ ಪಟ್ಟಿ ಎಲ್ಲವೂ ನೀರು ತಾಗದ ಒಂದೇ ಚೀಲದಲ್ಲಿರಲಿ; ಚಂಡಮಾರುತದ ಕಾಲ ಶುರುವಾಗುವ ಜೂನ್ ಬರುವ ಮೊದಲು ಅದನ್ನು ಮುಂಬಾಗಿಲ ಹತ್ತಿರದ ಕಪಾಟಿಗೆ ತಂದಿಟ್ಟು, ಅದರ ಜಾಗವನ್ನು ಮಕ್ಕಳಿಗೂ ಮನೆಯ ಕೀಲಿ ಕೊಟ್ಟಿರುವ ಒಬ್ಬ ನೆರೆಯವರಿಗೂ ಹೇಳಿಡಿ.