ಕಳೆ ಕೀಳುವ ಮುಂಚೆ ಎಲೆ ಮಗುಚಿ ನೋಡಿ

ಚಿಟ್ಟೆ, ಪತಂಗಗಳ ಮರಿಹುಳದ ಗುರುತು ಮುಕ್ಕಾಲು ಪಾಲು ಅದು ಕೂತ ಗಿಡದಲ್ಲೇ ಸಿಗುತ್ತದೆ. ಆದ್ದರಿಂದ ಅಂಗಳದ ಎಕ್ಕ, ತಗಚೆ, ಗಿಲಿಗಿಚ್ಚಿ ಗಿಡಗಳನ್ನು ಕಳೆಯೆಂದು ಕಿತ್ತು ಹಾಕಬೇಡಿ. ಮಳೆ ಹಿಡಿದು ಹೊಸ ಚಿಗುರು ಬಂದಾಗ, ಬಿಸಿಲೇರುವ ಮೊದಲು ಹುಡುಕಿ. ಎಲೆಯ ಅಂಚು ತಿಂದಂತಿದ್ದರೆ ಅದರ ಕೆಳಗಿನ ಎಲೆಗಳ ಮೇಲೆ ಹಿಕ್ಕೆ ಬಿದ್ದಿದೆಯೇ ನೋಡಿ. ಹಿಕ್ಕೆ ಇನ್ನೂ ಹಸಿಯಾಗಿದ್ದರೆ ಹುಳು ಅಲ್ಲೇ ಮೇಲೆಲ್ಲೋ ಇರುತ್ತದೆ.

ಎಕ್ಕದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ನುಣ್ಣನೆ ಹುಳು ಕಂಡರೆ ಬೆನ್ನ ಮೇಲೆ ಮೀಸೆಯಂತೆ ಚಾಚಿದ ಕರಿ ಎಳೆಗಳನ್ನು ಎಣಿಸಿ. ಮೂರು ಜೊತೆ ಇದ್ದರೆ ಪ್ಲೇನ್ ಟೈಗರ್ ಚಿಟ್ಟೆಯದು. ಬ್ಲೂ ಟೈಗರ್ ಮರಿಗೆ ಎರಡೇ ಜೊತೆ.

ಕರಿಬೇವಿನಲ್ಲಿ ಕಣ್ಣು ಮೋಸಹೋಗುವುದು ಹೆಚ್ಚು. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುವುದು ಎಷ್ಟೋ ಸಲ ಕಾಮನ್ ಮಾರ್ಮನ್ ಅಥವಾ ನಿಂಬೆ ಚಿಟ್ಟೆಯ ಎಳೆಮರಿ. ಕೊನೆಯ ಪೊರೆ ಬಿಟ್ಟ ಮೇಲೆ ಅದೇ ಹುಳು ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಘಾಟು ಬಿಡುತ್ತದೆ. ಒಮ್ಮೆ ನೋಡಿದರೆ ಸಾಕು, ಪದೇ ಪದೇ ಕೆಣಕಬೇಡಿ.

ಗಿಡದಿಂದ ಗೊತ್ತಾಗದಿದ್ದರೆ ಕಾಲು ಎಣಿಸಿ. ಎದೆಯ ಮೂರು ಜೊತೆ ನಿಜವಾದ ಕಾಲುಗಳ ಹಿಂದೆ, ಬಾಲದ ಕೊನೆಯದೂ ಸೇರಿ, ಹೆಚ್ಚೆಂದರೆ ಐದು ಜೊತೆ ಮೆತ್ತನೆ ಕಾಲುಗಳಿರುತ್ತವೆ. ಸಾಸಿವೆ ಗಿಡದ ಕಪ್ಪು ಹುಳದಲ್ಲಿ ಮೆತ್ತನೆ ಕಾಲುಗಳೇ ಎಂಟು ಜೊತೆ ಕಂಡರೆ ಅದು ಚಿಟ್ಟೆಯದೂ ಅಲ್ಲ, ಪತಂಗದ್ದೂ ಅಲ್ಲ, ಕಣಜದ ಬಳಗದ ಗರಗಸ ನೊಣದ ಮರಿ. ಬೆನ್ನು ಬಿಲ್ಲಾಗಿಸಿ ಗೇಣು ಹಾಕುತ್ತಾ ಸಾಗುವ ಹುಳಕ್ಕೆ ನಡುವಿನ ಕೆಲವು ಕಾಲುಗಳೇ ಇರುವುದಿಲ್ಲ, ಅದು ಪತಂಗದ ಮರಿ. ಬಾಲದ ತುದಿಯಲ್ಲಿ ಮುಳ್ಳಿನಂಥ ಕೊಂಬಿದ್ದರೆ ಹಾಕ್ ಪತಂಗದ್ದು. ಆ ಕೊಂಬು ಚುಚ್ಚುವುದಿಲ್ಲ.

ಮೈತುಂಬ ಕೂದಲಿರುವ ಕಂಬಳಿಹುಳವನ್ನು ಮಾತ್ರ ಬರಿಗೈಲಿ ಮುಟ್ಟಬೇಡಿ. ಕೂದಲು ತಾಗಿ ತುರಿಸಿದರೆ ಉಜ್ಜದೆ, ಅಂಟುಪಟ್ಟಿ ಒತ್ತಿ ಎತ್ತಿ, ಆಮೇಲೆ ಸೋಪಿನ ನೀರಲ್ಲಿ ತೊಳೆಯಿರಿ.

ಹುಳು ಮೇಯದೆ ಒಂದೇ ಕಡೆ ಅಂಟಿಕೊಂಡು ಕೂತಿದ್ದರೆ ಪೊರೆ ಬಿಡುತ್ತಿರಬಹುದು. ಆಗ ಎಳೆದರೆ ಕಾಲು ಕಿತ್ತು ಸಾಯುತ್ತದೆ. ಬೇರೆಡೆ ಇಡಲೇಬೇಕಾದರೆ ಎಲೆ ಸಮೇತ ಕತ್ತರಿಸಿ. ಮೈಮೇಲೆ ಅಕ್ಕಿಕಾಳಿನಂಥ ಪುಟ್ಟ ಬಿಳಿ ಗೂಡುಗಳು ಅಂಟಿದ್ದರೆ ಅವು ಹುಳದ ಮೊಟ್ಟೆಗಳಲ್ಲ, ಅದನ್ನು ಒಳಗಿಂದ ತಿಂದು ಹೊರಬಂದ ಪರೋಪಜೀವಿ ಕಣಜದ ಗೂಡುಗಳು. ಅದನ್ನೂ ಹಾಗೇ ಬಿಡಿ, ಆ ಕಣಜವೂ ತೋಟಕ್ಕೆ ಬೇಕು. ಬೇವಿನೆಣ್ಣೆಯನ್ನೂ ಈ ಗಿಡಗಳಿಗೆ ಸಿಂಪಡಿಸಬೇಡಿ, ಮರಿಗಳು ಮೇವು ಬಿಟ್ಟು ಸಾಯುತ್ತವೆ.