ಆರ್‌ಸಿ ಕಾರ್ ರೇಸಿಂಗ್‌ಗೆ ಮರಳುವಾಗ ಇಲೆಕ್ಟ್ರಾನಿಕ್ಸ್: ಟ್ರಾನ್ಸ್‌ಮಿಟರ್ ಮೊದಲು, ಮೋಟಾರ್ ಕೊನೆಗೆ

ಹತ್ತು-ಹದಿನೈದು ವರ್ಷ ಬಿಟ್ಟು ಮತ್ತೆ ಆರ್‌ಸಿ ಕಾರು (ರೇಡಿಯೊದಿಂದ ಓಡಿಸುವ ಪುಟ್ಟ ಕಾರು) ಕೈಗೆತ್ತಿಕೊಂಡವರು ಮೊದಲು ವಿಚಾರಿಸುವುದು ಮೋಟಾರಿನ ಬಗ್ಗೆ. ಎಷ್ಟು ಟರ್ನ್ (ಒಳಗಿನ ತಂತಿಯ ಸುತ್ತು), ಎಷ್ಟು ಸ್ಪೀಡು? ನಾನು ಸಾಮಾನು ಆರಿಸಿದ್ದು ಇದರ ತಲೆಕೆಳಗಿನ ಕ್ರಮದಲ್ಲಿ: ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್, ಚಕ್ರ ಹೊರಳಿಸುವ ಸರ್ವೊ, ಬ್ಯಾಟರಿ ಮತ್ತು ಚಾರ್ಜರ್, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ, ಕಟ್ಟಕಡೆಗೆ ಮೋಟಾರ್. ಇದಕ್ಕೆ ಕಾರಣ ನಮ್ಮ ಕಡೆ ಸಿಗುವ ಜಾಗ. ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಪಾಲಿಗೆ ಬರುವುದು ರವಿವಾರ ಖಾಲಿ ಇರುವ ಪಾರ್ಕಿಂಗ್, ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟ್, ಇಲ್ಲವೇ ಮಸಾರಿ ಮಣ್ಣಿನ ಬಯಲು. ಬಾಸ್ಕೆಟ್‌ಬಾಲ್ ಕೋರ್ಟಿನ ಉದ್ದ 28 ಮೀಟರ್, ಅಗಲ 15. ಅದರೊಳಗೆ ಕೋನ್ ಇಟ್ಟು ಟ್ರ್ಯಾಕ್ ಮಾಡಿದರೆ ನೇರ ದಾರಿ 20 ಮೀಟರ್ ಉಳಿದರೆ ಹೆಚ್ಚು. ಗಂಟೆಗೆ 36 ಕಿ.ಮೀ. ವೇಗದ ಕಾರು ಅದನ್ನು ಎರಡು ಸೆಕೆಂಡಿನಲ್ಲಿ ಮುಗಿಸುತ್ತದೆ, ಉಳಿದ ಹೊತ್ತೆಲ್ಲ ತಿರುವುಗಳಲ್ಲೇ ಕಳೆಯುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಸ್ಟಿಯರಿಂಗ್ ಮತ್ತು ಥ್ರಾಟಲಿನ ಹಿಡಿತ.

ಮೊದಲು ಹಳೆಯ ಪೆಟ್ಟಿಗೆ ತೆಗೆದು ಏನು ಉಳಿಸಬಹುದು ನೋಡಿ. ಶಾಸಿ, ಬೇರಿಂಗ್, ಶಾಕ್, ಷಟ್ಕೋನದ ಸ್ಕ್ರೂಡ್ರೈವರ್‌ಗಳು ಉಳಿಯುತ್ತವೆ. 27 ಅಥವಾ 40 ಮೆಗಾಹರ್ಟ್ಸಿನ ಕ್ರಿಸ್ಟಲ್ ರೇಡಿಯೊ ಓಡಿದರೂ ಬೇಡ. ಪಕ್ಕದವರ ಕ್ರಿಸ್ಟಲ್ ನಿಮ್ಮದೇ ಚಾನೆಲ್ಲಿನದಾದರೆ ಎರಡೂ ಕಾರು ದಿಕ್ಕು ತಪ್ಪುತ್ತವೆ. ಹಳೆಯ ನಿಕಲ್ ಸೆಲ್ಲಿನ ಪ್ಯಾಕುಗಳು ಅಷ್ಟು ವರ್ಷ ಖಾಲಿ ಬಿದ್ದ ಮೇಲೆ ಭಾರಕ್ಕೆ ವೋಲ್ಟೇಜ್ ಹಿಡಿಯುವುದಿಲ್ಲ. ಅವುಗಳ ಚಾರ್ಜರನ್ನಂತೂ ಬೇರೆಯೇ ಎತ್ತಿಡಿ. ಪ್ಯಾಕ್ ತುಂಬಿದ್ದನ್ನು ಅದು ಗುರುತಿಸುವುದು ವೋಲ್ಟೇಜ್ ಏರಿ ತುಸು ಇಳಿದಾಗ. ಈಗಿನ ಲೈಪೊ (ಲಿಥಿಯಂ-ಪಾಲಿಮರ್) ಬ್ಯಾಟರಿಯಲ್ಲಿ ಆ ಇಳಿತ ಬರುವುದೇ ಇಲ್ಲ, ಚಾರ್ಜರ್ ತುಂಬುತ್ತಲೇ ಹೋಗುತ್ತದೆ, ಕಡೆಗೆ ಪ್ಯಾಕಿಗೆ ಬೆಂಕಿ ಹತ್ತಬಹುದು. ಹಳೆಯ ಬ್ರಷ್ಡ್ (ಇಂಗಾಲದ ಬ್ರಷ್ ಇರುವ ಮೋಟಾರಿನ) ಇಎಸ್‌ಸಿಗೆ ಲೈಪೊ ಕಟ್-ಆಫ್, ಅಂದರೆ ವೋಲ್ಟೇಜ್ ತೀರ ಇಳಿಯುವ ಮುಂಚೆ ಮೋಟಾರ್ ನಿಲ್ಲಿಸುವ ಏರ್ಪಾಡು, ಇಲ್ಲದಿದ್ದರೆ ಅದೂ ಕೆಲಸಕ್ಕೆ ಬಾರದು.

ಟ್ರಾನ್ಸ್‌ಮಿಟರಿಗೆ ಒಟ್ಟು ಇಲೆಕ್ಟ್ರಾನಿಕ್ಸ್ ಹಣದ ಮೂರನೇ ಒಂದು ಪಾಲು ಇಡುವುದು ನನ್ನ ಲೆಕ್ಕ. ಕಾರು ಬದಲಾದರೂ ಅದು ಉಳಿಯುತ್ತದೆ. ಈಗ ಎಲ್ಲವೂ 2.4 ಗಿಗಾಹರ್ಟ್ಸ್. ಫ್ರೀಕ್ವೆನ್ಸಿ ತಾನೇ ಜಿಗಿಯುವುದರಿಂದ ಹತ್ತು ಜನ ಒಟ್ಟಿಗೆ ಓಡಿಸಿದರೂ ತೊಂದರೆ ಇಲ್ಲ. ಆದರೆ ಒಂದು ಕಂಪನಿಯ ಭಾಷೆ ಇನ್ನೊಂದಕ್ಕೆ ತಿಳಿಯದು. ಫ್ಲೈಸ್ಕೈ ಟ್ರಾನ್ಸ್‌ಮಿಟರಿಗೆ ಫುಟಾಬಾ ರಿಸೀವರ್ (ಕಾರಿನೊಳಗೆ ಸಿಗ್ನಲ್ ಹಿಡಿಯುವ ಪೆಟ್ಟಿಗೆ) ಬೈಂಡ್, ಅಂದರೆ ಜೋಡಿ, ಆಗುವುದಿಲ್ಲ, ಸಾನ್ವಾದ್ದೂ ಆಗುವುದಿಲ್ಲ. ಒಂದೇ ಕಂಪನಿಯಲ್ಲೂ ಎರಡು-ಮೂರು ಪ್ರೋಟೊಕಾಲ್ ಇರುತ್ತವೆ. ಆದ್ದರಿಂದ ರಿಸೀವರಿನ ಬೆಲೆಯನ್ನೂ ಅದು ಸುಲಭವಾಗಿ ಸಿಗುತ್ತದೆಯೇ ಎಂಬುದನ್ನೂ ನೋಡಿಕೊಂಡೇ ಟ್ರಾನ್ಸ್‌ಮಿಟರ್ ಆರಿಸಬೇಕು. ಹೊರದೇಶದಿಂದ ತರಿಸುವ ಯೋಚನೆ ಇದ್ದರೆ, ಡಬ್ಲ್ಯೂಪಿಸಿಯ (ರೇಡಿಯೊ ಉಪಕರಣಗಳಿಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ವಿಭಾಗ) ಒಪ್ಪಿಗೆ ಇಲ್ಲದ ಟ್ರಾನ್ಸ್‌ಮಿಟರ್ ಕಸ್ಟಮ್ಸಿನಲ್ಲೇ ನಿಲ್ಲಬಹುದು. ನಮ್ಮ ದೇಶದ ಮಾರಾಟಗಾರರಿಂದ ಕೊಳ್ಳುವುದು ನಿಶ್ಚಿಂತೆ.

ಟ್ರಾನ್ಸ್‌ಮಿಟರಿನಲ್ಲಿ ಬೇಕೇಬೇಕಾದವು: ಎಂಡ್ ಪಾಯಿಂಟ್ (ಸರ್ವೊ ಪ್ರತಿ ಬದಿಗೆ ಎಷ್ಟು ಹೊರಳಬೇಕೆಂಬ ಮಿತಿ), ಡ್ಯುಯಲ್ ರೇಟ್ (ಒಟ್ಟು ಹೊರಳುವಿಕೆಯನ್ನು ಓಡುವಾಗಲೇ ತಗ್ಗಿಸುವುದು), ಎಕ್ಸ್‌ಪೊ (ನಡುವಿನ ಹತ್ತಿರ ಸ್ಟಿಯರಿಂಗ್ ಮೆತ್ತಗಾಗಿಸುವುದು), ಮಾಡೆಲ್ ಮೆಮೊರಿ (ಒಂದೊಂದು ಕಾರಿನ ಸೆಟ್ಟಿಂಗ್ ನೆನಪಿಡುವುದು), ಫೇಲ್‌ಸೇಫ್. ಸಿಗ್ನಲ್ ತಪ್ಪಿದಾಗ ಥ್ರಾಟಲ್ ನ್ಯೂಟ್ರಲಿಗೋ ಬ್ರೇಕಿಗೋ ಹೋಗುವಂತೆ ಫೇಲ್‌ಸೇಫ್ ಇಡಬೇಕು. ಇಟ್ಟ ಮೇಲೆ ಚಕ್ರ ನೆಲಕ್ಕೆ ತಾಗದಂತೆ ಕಾರನ್ನು ಎತ್ತಿ ಕೂರಿಸಿ, ತುಸು ಥ್ರಾಟಲ್ ಕೊಟ್ಟುಕೊಂಡೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಚಕ್ರ ನಿಲ್ಲದಿದ್ದರೆ ಫೇಲ್‌ಸೇಫ್ ಕೂತಿಲ್ಲ ಎಂದೇ ತಿಳಿಯಿರಿ. ರಿಸೀವರಿನ ಆಂಟೆನಾ ತಂತಿಯ ತುದಿಯಲ್ಲಿ ಸುಮಾರು 31 ಮಿ.ಮೀ. ಹೊದಿಕೆ ಇಲ್ಲದ ಭಾಗ ಇರುತ್ತದೆ. ಅದು 2.4 ಗಿಗಾಹರ್ಟ್ಸಿನ ತರಂಗದ ಕಾಲು ಭಾಗ, ಸಿಗ್ನಲ್ ಹಿಡಿಯುವುದು ಅಷ್ಟೇ. ಉದ್ದವಾಯಿತೆಂದು ಕತ್ತರಿಸಬೇಡಿ, ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಮೋಟಾರ್ ತಂತಿಗಳಿಂದಲೂ ಕಾರ್ಬನ್ ಹಾಳೆಯಿಂದಲೂ ದೂರ ಇಡಿ.

ಸರ್ವೊದಲ್ಲಿ ಎರಡು ಅಂಕಿ ನೋಡಬೇಕು: 60 ಡಿಗ್ರಿ ತಿರುಗಲು ಹಿಡಿಯುವ ಸೆಕೆಂಡು, ಮತ್ತೆ ಕೆ.ಜಿ.-ಸೆಂ.ಮೀ. ಲೆಕ್ಕದ ಬಲ. 0.20 ಸೆಕೆಂಡಿನ ಸರ್ವೊ ನಡುವಿನಿಂದ ಒಂದು ಪಕ್ಕಕ್ಕೆ 30 ಡಿಗ್ರಿ ಹೊರಳುವಷ್ಟರಲ್ಲಿ, ಗಂಟೆಗೆ 36 ಕಿ.ಮೀ. ವೇಗದ ಕಾರು ಒಂದು ಮೀಟರ್ ಮುಂದೆ ಹೋಗಿರುತ್ತದೆ. 0.10ರದಾದರೆ ಅರ್ಧ ಮೀಟರ್. ಸಣ್ಣ ಟ್ರ್ಯಾಕಿನಲ್ಲಿ ಆ ಅರ್ಧ ಮೀಟರಿನಲ್ಲೇ ಕೋನ್ ತಾಗುತ್ತದೆ. 1:10ರ (ನಿಜ ಕಾರಿನ ಹತ್ತನೇ ಒಂದು ಅಳತೆಯ) ಟೂರಿಂಗ್ ಕಾರಿಗೆ 0.10 ಸೆಕೆಂಡಿನ ಆಸುಪಾಸು, 8ರಿಂದ 10 ಕೆ.ಜಿ. ಬಲ, ಲೋಹದ ಗಿಯರಿನ ಡಿಜಿಟಲ್ ಸರ್ವೊ ನನಗೆ ಸರಿ ಬಂತು. ಮಣ್ಣಿನಲ್ಲಿ ಓಡುವ ಬಗ್ಗಿಗೆ 15 ಕೆ.ಜಿ. ನೋಡಿ.

ಹಾರ್ನ್ (ಸರ್ವೊ ಶಾಫ್ಟಿಗೆ ಕೂರುವ ತೋಳು) ಕೊಳ್ಳುವ ಮುಂಚೆ ಸರ್ವೊ ಶಾಫ್ಟಿನ ಹಲ್ಲು ಎಣಿಸಬೇಕು. ಫುಟಾಬಾ, ಸಾವೋಕ್ಸ್ 25 ಹಲ್ಲಿನವು, ಸಾನ್ವಾ ಮತ್ತು ಕೆಒ 23, ಹೈಟೆಕ್ ಬಹುಪಾಲು 24. ಒಂದೇ ಹಲ್ಲಿನ ವ್ಯತ್ಯಾಸ ಎಂದು ಒತ್ತಿ ಕೂರಿಸಿದರೆ ಒಳಗಿನ ಹಲ್ಲು ಕಿತ್ತು, ಕಾರು ಓಡುವಾಗ ಹಾರ್ನ್ ಜಾರುತ್ತದೆ. ಟಾಮಿಯಾ ಕಿಟ್ಟಿನೊಂದಿಗೆ ಬರುವ ಪ್ಲಾಸ್ಟಿಕ್ ಸರ್ವೊ ಸೇವರ್ (ಚಕ್ರಕ್ಕೆ ಬೀಳುವ ಪೆಟ್ಟು ಸರ್ವೊಕ್ಕೆ ತಾಗದಂತೆ ಬಾಗುವ ಹಾರ್ನ್) ಮೆತ್ತಗಿನದು. ಅದನ್ನೇ ಇಟ್ಟರೆ ಎಂಥ ಸರ್ವೊ ಹಾಕಿದರೂ ಚಕ್ರ ನಡುವಿಗೆ ಸರಿಯಾಗಿ ಮರಳುವುದಿಲ್ಲ, ಅವರದೇ ಹೈ-ಟಾರ್ಕ್ ಸೇವರ್ ಹಾಕಬೇಕು. ಜೋಡಿಸುವಾಗ ರೇಡಿಯೊ ಆನ್ ಮಾಡಿ, ಟ್ರಿಮ್ ಸೊನ್ನೆಗೆ ತಂದು, ಆಮೇಲೆ ಹಾರ್ನ್ ಕೂರಿಸಿ. ಕಡೆಗೆ ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ಹಿಡಿದು ಕಿವಿಗೊಡಿ. ಸರ್ವೊ ಗುಂಯ್ ಎನ್ನುತ್ತಿದ್ದರೆ ಚಕ್ರ ತಡೆಗೆ ತಾಗಿದ ಮೇಲೂ ಅದು ಒತ್ತುತ್ತಿದೆ. ಸದ್ದು ನಿಲ್ಲುವವರೆಗೆ ಆ ಬದಿಯ ಎಂಡ್ ಪಾಯಿಂಟ್ ಒಂದೊಂದೇ ಅಂಕಿ ಇಳಿಸಿ, ಆಮೇಲೆ ಇನ್ನೊಂದು ಬದಿ.

ಸರ್ವೊಕ್ಕೆ ವಿದ್ಯುತ್ ಬರುವುದು ಇಎಸ್‌ಸಿಯೊಳಗಿನ ಬಿಇಸಿಯಿಂದ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಭಾಗ). ಹಳೆಯ ಸರ್ವೊಗಳು 4.8ರಿಂದ 6 ವೋಲ್ಟಿನವು. ಹೊಸ ಇಎಸ್‌ಸಿಯಲ್ಲಿ ಬಿಇಸಿ 7.4ಕ್ಕೆ ಇಟ್ಟಿದ್ದರೆ ಹಳೆಯ ಸರ್ವೊ ಸುಟ್ಟೇ ಹೋಗುತ್ತದೆ. ಇನ್ನೊಂದು ತೊಂದರೆ ಗುರುತಿಸುವುದು ಕಷ್ಟ. ಬಲವಾದ ಸರ್ವೊ ಥಟ್ಟನೆ ತಿರುಗಿದಾಗ ಬಿಇಸಿಯ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ, ರಿಸೀವರ್ ಆರಿ ಮತ್ತೆ ಹೊತ್ತುತ್ತದೆ. ನೋಡುವವರಿಗೆ ಅದು ರೇಡಿಯೊ ದೋಷದಂತೆ ಕಾಣುತ್ತದೆ. ರಿಸೀವರಿನ ಖಾಲಿ ಚಾನೆಲ್ಲಿಗೆ 16 ವೋಲ್ಟಿನ 3,300ರಿಂದ 4,700 ಮೈಕ್ರೊಫ್ಯಾರಡ್ ಕೆಪಾಸಿಟರ್, ಪ್ಲಸ್-ಮೈನಸ್ ತಪ್ಪದಂತೆ ಹಾಕಿದರೆ ನಿಲ್ಲುತ್ತದೆ.

ಬ್ಯಾಟರಿಗೆ 2ಎಸ್ (ಎರಡು ಸೆಲ್ಲಿನ, 7.4 ವೋಲ್ಟಿನ) ಲೈಪೊ, ಗಟ್ಟಿ ಕವಚದ್ದು, 4,000ರಿಂದ 5,000 ಮಿಲಿಆಂಪಿಯರ್-ಅವರ್. ಕೊಳ್ಳುವ ಮುಂಚೆ ಕಾರಿನ ಬ್ಯಾಟರಿ ಜಾಗ ಅಳೆಯಿರಿ: ಉದ್ದನೆಯ ಲೈಪೊ ಸುಮಾರು 139×47×25 ಮಿ.ಮೀ. ದುಂಡನೆ ನಿಕಲ್ ಸೆಲ್ಲಿಗೆಂದು ಮಾಡಿದ ಟಾಮಿಯಾ ಶಾಸಿಗಳಲ್ಲಿ ಚೌಕ ಅಂಚಿನ ಪ್ಯಾಕ್ ಕೂರುವುದಿಲ್ಲ, ದುಂಡಂಚಿನದೇ ಕೇಳಬೇಕು. ಪ್ಯಾಕಿನ ಮೇಲೆ ಬರೆದ ‘ಸಿ’ ಅಂಕಿಯನ್ನು (ಎಷ್ಟು ಕರೆಂಟ್ ಕೊಡಬಲ್ಲದು ಎಂಬ ಲೆಕ್ಕ) ಪೂರ್ತಿ ನಂಬಬೇಡಿ. ಸೆಲ್ಲಿನ ಒಳರೋಧ ತೋರಿಸುವ ಚಾರ್ಜರ್ ಇದ್ದರೆ ಹೊಸತಿದ್ದಾಗಲೇ ಅಳೆದು ಪ್ಯಾಕಿನ ಮೇಲೆ ಬರೆದಿಡಿ. ಆ ಅಂಕಿ ಏರುತ್ತ ಹೋಗುವುದೇ ಪ್ಯಾಕ್ ಮುದಿಯಾಗುವ ಗುರುತು. ಒಂದು ಓಟ ಮುಗಿಸಿ ಮರುಚಾರ್ಜಿಗೆ ಹಾಕಿದಾಗ ಎಷ್ಟು ತುಂಬಿತು ನೋಡಿ. 1,400 ತುಂಬಿದರೆ 4,000ದ ಪ್ಯಾಕಿನಲ್ಲಿ ಎರಡು ಓಟ ಆಗುತ್ತವೆ. ಶೇಕಡಾ 80ಕ್ಕಿಂತ ಹೆಚ್ಚು ಹೀರಬಾರದು. ಕಟ್-ಆಫ್ ಸೆಲ್ಲಿಗೆ 3.2 ವೋಲ್ಟಿಗೆ ಇಡಿ. ಎರಡು ದಿನಕ್ಕಿಂತ ಹೆಚ್ಚು ಇಡುವುದಾದರೆ ಸೆಲ್ಲಿಗೆ 3.8 ವೋಲ್ಟಿನ ಸ್ಟೋರೇಜಿಗೆ ತನ್ನಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಪ್ಯಾಕನ್ನು ಮುಚ್ಚಿದ ಕಾರಿನ ಡಿಕ್ಕಿಯಲ್ಲೋ ಸ್ಕೂಟರಿನ ಸೀಟಿನ ಕೆಳಗೋ ಬಿಡಬೇಡಿ. ಉಬ್ಬಿದ ಪ್ಯಾಕ್ ಮತ್ತೆ ಕಾರಿಗೆ ಹೋಗಕೂಡದು.

ಬಯಲಿನಲ್ಲಿ ಪ್ಲಗ್ ಪಾಯಿಂಟ್ ಇರುವುದಿಲ್ಲ, ಆದ್ದರಿಂದ 12 ವೋಲ್ಟಿನಲ್ಲೂ ನಡೆಯುವ ಬ್ಯಾಲೆನ್ಸ್ ಚಾರ್ಜರ್ (ಎಲ್ಲ ಸೆಲ್ಲುಗಳನ್ನೂ ಸಮನಾಗಿ ತುಂಬುವಂಥದ್ದು) ಬೇಕು. 5,000ದ ಪ್ಯಾಕನ್ನು 5 ಆಂಪಿಯರಿನಲ್ಲಿ ತುಂಬಲು 5×8.4, ಅಂದರೆ 42 ವಾಟ್. 50 ವಾಟಿನ ಚಾರ್ಜರ್ ಸಾಕು. ಅಂಥ ಪ್ಯಾಕಿನ ಶಕ್ತಿ 37 ವಾಟ್-ಅವರ್, ಸೋರಿಕೆ ಸೇರಿ ಹೊರಗಿನ ಬ್ಯಾಟರಿಯಿಂದ ಸುಮಾರು 46 ಹೋಗುತ್ತದೆ. 12 ವೋಲ್ಟ್ 40 ಆಂಪಿಯರ್-ಅವರಿನ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಐದು ಪ್ಯಾಕ್ ತುಂಬಬಹುದು.

ಇಎಸ್‌ಸಿ ಮತ್ತು ಮೋಟಾರ್ ಎರಡೂ ಸೆನ್ಸರ್ (ರೋಟರ್ ಎಲ್ಲಿದೆ ಎಂದು ತಿಳಿಸುವ ಸಾಧನ) ಇರುವ ಬ್ರಷ್‌ಲೆಸ್ (ಬ್ರಷ್ ಇಲ್ಲದ) ಬಗೆಯವಾಗಿರಲಿ. ಸೆನ್ಸರ್ ಇಲ್ಲದ ಮೋಟಾರಿನಲ್ಲಿ ನಿಂತಲ್ಲಿಂದ ಹೊರಡುವಾಗ ರೋಟರ್ ಎಲ್ಲಿದೆ ಎಂದು ಇಎಸ್‌ಸಿಗೆ ತಿಳಿಯದೆ ಕಾರು ತಡವರಿಸುತ್ತದೆ. ಬಿಗಿ ತಿರುವಿನಿಂದ ಹೊರಬರುವಾಗ ಇದೇ ಅಡ್ಡಿ. 17.5 ಟರ್ನಿಗೆ 60 ಆಂಪಿಯರಿನ ಸೆನ್ಸರ್ ಇಎಸ್‌ಸಿ ಧಾರಾಳ. ಇಎಸ್‌ಸಿಯೇ ಮೋಟಾರಿನ ಟೈಮಿಂಗ್ ಏರಿಸಿ ವೇಗ ಹೆಚ್ಚಿಸುವ ಬೂಸ್ಟ್, ಟರ್ಬೊ ಎರಡನ್ನೂ ಸೊನ್ನೆಗೆ ಇಡಿ. ಸ್ಟಾಕ್ ವರ್ಗದ (ಮೋಟಾರಿನ ವೇಗಕ್ಕೆ ಮಿತಿ ಇರುವ) ರೇಸುಗಳಲ್ಲಿ ಕೇಳುವುದೂ ಇದನ್ನೇ.

ಮೋಟಾರಿನ ಎ, ಬಿ, ಸಿ ತಂತಿಗಳು ಇಎಸ್‌ಸಿಯ ಎ, ಬಿ, ಸಿಗೇ ಹೋಗಬೇಕು. ಸೆನ್ಸರ್ ಇಲ್ಲದ ಮೋಟಾರಿನಲ್ಲಿ ಎರಡು ತಂತಿ ಅದಲುಬದಲು ಮಾಡಿ ದಿಕ್ಕು ತಿರುಗಿಸಬಹುದು. ಸೆನ್ಸರ್ ಮೋಟಾರಿನಲ್ಲಿ ಹಾಗೆ ಮಾಡಿದರೆ ಅದು ನಡುಗಿ, ಕಾದು, ಇಎಸ್‌ಸಿಯನ್ನೂ ಸುಡಬಹುದು. ದಿಕ್ಕು ಬದಲಿಸುವುದು ಇಎಸ್‌ಸಿ ಸೆಟ್ಟಿಂಗಿನಲ್ಲಿ ಮಾತ್ರ.

ಬೆಸುಗೆಗೆ ಮನೆಯಲ್ಲಿರುವ 25 ವಾಟಿನ ಐರನ್ ಸಾಲದು. ದಪ್ಪ ತಂತಿ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ, ಸೋಲ್ಡರ್ ಮೇಲೆ ಮೆತ್ತಿಕೊಂಡು ಬೂದಿ ಬಣ್ಣಕ್ಕೆ ಹೆಪ್ಪುಗಟ್ಟುತ್ತದೆ. ಆ ಜೋಡು ಓಡುವಾಗ ಕಾದು ಬಿಚ್ಚುತ್ತದೆ. 60 ವಾಟಿಗಿಂತ ಹೆಚ್ಚಿನ ಐರನ್, ಅಗಲ ತುದಿ, 60/40 ಸೋಲ್ಡರ್, ಫ್ಲಕ್ಸ್ ಬೇಕು. ತಂತಿಯ ತುದಿಗೂ ಮೋಟಾರಿನ ಕಿವಿಗೂ ಬೇರೆಬೇರೆ ಸೋಲ್ಡರ್ ಹಚ್ಚಿ, ಆಮೇಲೆ ಎರಡನ್ನೂ ಸೇರಿಸಿ ಎರಡು-ಮೂರು ಸೆಕೆಂಡ್ ಒತ್ತಿ. ತಣ್ಣಗಾಗುವವರೆಗೆ ಅಲುಗಿಸಬೇಡಿ. ಹೊಳಪಿದ್ದರೆ ಹಿಡಿದಿದೆ, ಎಳೆದೂ ನೋಡಿ. ಟಿ-ಪ್ಲಗ್ಗಿಗೆ ಬೆಸೆಯುವಾಗ ಅದರ ಜೋಡಿ ಪ್ಲಗ್ಗನ್ನು ಸಿಕ್ಕಿಸಿಟ್ಟರೆ ಪ್ಲಾಸ್ಟಿಕ್ ಕರಗಿದರೂ ಪಿನ್ನು ವಾಲುವುದಿಲ್ಲ. ಬ್ಯಾಟರಿಯ ಪ್ಲಗ್ ಬದಲಿಸುವಾಗ ಒಂದು ತಂತಿ ಕತ್ತರಿಸಿ, ಬೆಸೆದು, ಟ್ಯೂಬ್ ಹೊದಿಸಿದ ಮೇಲೆಯೇ ಇನ್ನೊಂದಕ್ಕೆ ಕತ್ತರಿ ಹಾಕಿ. ಎರಡನ್ನೂ ಒಮ್ಮೆಗೇ ಕತ್ತರಿಸಿದರೆ ಕತ್ತರಿಯ ಮೂಲಕವೇ ಶಾರ್ಟ್ ಆಗುತ್ತದೆ.

ಮೋಟಾರ್ ಹಾಕುವ ಮುಂಚೆ ಗಿಯರ್ ಲೆಕ್ಕ. ಟಾಮಿಯಾದ ಟಿಟಿ-02 ಶಾಸಿಯಲ್ಲಿ ಸ್ಪರ್ (ದೊಡ್ಡ ಗಿಯರ್) 70 ಹಲ್ಲು, ಪಿನಿಯನ್ (ಮೋಟಾರ್ ಶಾಫ್ಟಿನ ಸಣ್ಣ ಗಿಯರ್) 22, ಒಳ ಅನುಪಾತ 2.6: 70ನ್ನು 22ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಅಂದರೆ ಮೋಟಾರ್ 8.27 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 64 ಮಿ.ಮೀ. ಟೈರಿಗೆ ಮೋಟಾರಿನ ಪ್ರತಿ ಸುತ್ತಿಗೆ ಕಾರು 24 ಮಿ.ಮೀ. ಮುಂದೆ ಹೋಗುತ್ತದೆ, ನಿಮಿಷಕ್ಕೆ 20,000 ಸುತ್ತಿನಲ್ಲಿ ಗಂಟೆಗೆ 29 ಕಿ.ಮೀ. ಮೇಲೆ ಹೇಳಿದಂಥ ಕೋರ್ಟಿಗೆ ಇದು ಸಾಕು. ದೊಡ್ಡ ಪಾರ್ಕಿಂಗ್ ಸಿಕ್ಕಾಗ ಪಿನಿಯನ್ನಿಗೆ ಒಂದೊಂದೇ ಹಲ್ಲು ಏರಿಸಿ. ಏರಿಸಿದಾಗಲೆಲ್ಲ ಎರಡು ನಿಮಿಷ ಓಡಿಸಿ, ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಮೋಟಾರ್ ಡಬ್ಬಿಯ ಕಾವು ನೋಡಿ, ಆಮೇಲೆ ಐದು ನಿಮಿಷ. ನಾನು ನಿಲ್ಲಿಸುವುದು 75 ಡಿಗ್ರಿಗೆ. ಅದರ ಮೇಲೆ ಒಳಗಿನ ರೋಟರ್ ಇನ್ನೂ ಹೆಚ್ಚು ಕಾದಿರುತ್ತದೆ, ನಿಯೋಡಿಮಿಯಂ ಮ್ಯಾಗ್ನೆಟ್ ಬಲ ಕಳೆದುಕೊಳ್ಳುತ್ತದೆ, ಕಳೆದ ಬಲ ಮತ್ತೆ ಬಾರದು. ಡಿಸೆಂಬರಿನ ಮುಂಜಾನೆ ಸರಿಹೋದ ಪಿನಿಯನ್ ಮೇ ತಿಂಗಳ ಮಧ್ಯಾಹ್ನಕ್ಕೆ ದೊಡ್ಡದಾಗುತ್ತದೆ. ಆಗ ಒಂದೆರಡು ಹಲ್ಲು ಇಳಿಸಿ. ಎಂಡ್‌ಬೆಲ್ಲನ್ನು (ಮೋಟಾರಿನ ಹಿಂಬದಿಯ ಮುಚ್ಚಳ) ತಿರುಗಿಸಿ ಟೈಮಿಂಗ್ ಏರಿಸಿದರೂ ಹೀಗೆಯೇ, ಸುತ್ತು ಹೆಚ್ಚುತ್ತದೆ, ಕರೆಂಟೂ ಕಾವೂ ಜೊತೆಗೇ ಹೆಚ್ಚುತ್ತವೆ. ಆದ್ದರಿಂದ ಪಿನಿಯನ್, ಟೈಮಿಂಗ್ ಎರಡನ್ನೂ ಒಂದೇ ಸಲ ಮುಟ್ಟಬೇಡಿ.

ಮಸಾರಿ ಮಣ್ಣಿನ ಧೂಳು ಒಣಗಿದ್ದಾಗ ಬ್ರಶ್ಶಿನಿಂದ ಹೋಗುತ್ತದೆ. ಎರೆ ಹಾಗಲ್ಲ. ನವಲಗುಂದ, ಗದಗ ಕಡೆಯ ಎರೆಹೊಲದ ಬದಿಯಲ್ಲಿ ಮಳೆಯಾದ ಮೇಲೆ ಓಡಿಸಿದರೆ ರಾಡಿ ಸ್ಪರ್ ಗಿಯರಿಗೂ ಮೋಟಾರಿನ ಗಾಳಿಕಿಂಡಿಗೂ ಮೆತ್ತಿ, ಒಣಗಿ, ಗಟ್ಟಿಯಾಗುತ್ತದೆ. ಹಸಿ ಇದ್ದಾಗ ಒರೆಸಬೇಡಿ, ಒಳಕ್ಕೇ ಹೋಗುತ್ತದೆ. ಒಣಗಲು ಬಿಟ್ಟು, ಮರದ ಕಡ್ಡಿಯಿಂದ ಉದುರಿಸಿ, ಮೋಟಾರ್ ಬಿಚ್ಚಿ ಬೇರಿಂಗಿಗೆ ಒಂದೊಂದು ಹನಿ ಎಣ್ಣೆ ಹಾಕಿ. ಸೆನ್ಸರ್ ತಂತಿಯ ಆರು ಪಿನ್ನಿನ ಸಣ್ಣ ಪ್ಲಗ್ಗಿಗೆ ಮೋಟಾರ್ ಬದಿಯಲ್ಲಿ ಟೇಪ್ ಸುತ್ತಿಡಿ. ಮಣ್ಣು ಹೊಕ್ಕು ಒಂದು ಪಿನ್ ಬಿಟ್ಟರೂ ಕಾರು ಸೆನ್ಸರ್ ಇಲ್ಲದ್ದರಂತೆ ತಡವರಿಸತೊಡಗುತ್ತದೆ. ಹಾಗಾದಾಗ ಮೋಟಾರ್ ಬದಲಿಸುವ ಮುಂಚೆ ಆ ತಂತಿಯೊಂದನ್ನು ಬದಲಿಸಿ ನೋಡಿ.