ಬೇ ಏರಿಯಾಗೆ ಹೊಸದಾಗಿ ಬಂದವರಿಗೆ: ಎಲೆಕ್ಟ್ರಿಕ್ ಕಾರು ಲೀಸ್‌ಗೆ ತಗೊಳ್ಳೋದಾ, ಕೊಂಡುಕೊಳ್ಳೋದಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಈ ಬೇ ಏರಿಯಾದಲ್ಲಿ ನಮ್ಮ ಕೂಟಕ್ಕೆ ಹೊಸದಾಗಿ ಬರುವ ಕುಟುಂಬಗಳು ಮನೆ, ಶಾಲೆ ಆದ ಮೇಲೆ ಕೇಳುವುದು ಕಾರಿನ ಬಗ್ಗೆ. ಈಗಂತೂ ಹೆಚ್ಚಿನವರಿಗೆ ಎಲೆಕ್ಟ್ರಿಕ್ ಕಾರೇ ಬೇಕು. ಫ್ರೀಮಾಂಟ್, ಸನಿವೇಲ್, ಮಿಲ್ಪಿಟಾಸ್ ಕಡೆ ಎಲ್ಲಿ ನೋಡಿದರೂ ಅವೇ ಓಡಾಡುತ್ತವೆ, ಆಫೀಸಿನ ಸ್ನೇಹಿತರೂ "ಲೀಸ್ ಮಾಡಿ, ಕಡಿಮೆಗೆ ಬರುತ್ತೆ" ಅನ್ನುತ್ತಾರೆ. ಲೀಸ್ ಅಂದರೆ ಎರಡು ಮೂರು ವರ್ಷ ತಿಂಗಳ ಕಂತು ಕಟ್ಟಿ ಕಾರು ಓಡಿಸಿ, ಅವಧಿ ಮುಗಿದ ಮೇಲೆ ವಾಪಸ್ ಕೊಡುವುದು. ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ. ಬಂದ ಮೊದಲ ಒಂದೆರಡು ವರ್ಷ ತಿಂಗಳಿಗೆ ಎಷ್ಟು ಕಟ್ಟಬೇಕು ಅನ್ನೋದಕ್ಕಿಂತ, ಕಾರು ಬೇಡ ಅಂತಾದಾಗ ಅದನ್ನು ಬಿಡೋಕೆ ಎಷ್ಟು ಖರ್ಚಾಗುತ್ತದೆ ಅಂತ ನೋಡಿ. ಹಾಗೆ ಲೆಕ್ಕ ಹಾಕಿದರೆ ಬಹಳ ಜನಕ್ಕೆ ಹೊಸ ಕಾರಿನ ಲೀಸೂ ಸರಿಹೋಗುವುದಿಲ್ಲ, ಹೊಸ ಕಾರಿನ ದೊಡ್ಡ ಸಾಲವೂ ಸರಿಹೋಗುವುದಿಲ್ಲ. ಎರಡು ಮೂರು ವರ್ಷ ಓಡಿರುವ ಕಾರು ಕೊಳ್ಳುವುದೇ ಒಳ್ಳೆಯದು.

ಮೊದಲು ಚಾರ್ಜಿಂಗ್ ವಿಷಯ ಬಗೆಹರಿಸಿಕೊಳ್ಳಿ

ಅಪಾರ್ಟ್‌ಮೆಂಟ್ ಹುಡುಕುವಾಗಲೇ ಇದನ್ನು ಕೇಳಿ. ನಿಮ್ಮ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಇದೆಯಾ? ಮಾಮೂಲಿ 120 ವೋಲ್ಟ್ ಪ್ಲಗ್ ಇದ್ದರೂ ಸಾಕು, ಗಂಟೆಗೆ ಮೂರು ನಾಲ್ಕು ಮೈಲಿಯಷ್ಟು ಚಾರ್ಜ್ ಆಗುತ್ತದೆ. ರಾತ್ರಿಯಿಡೀ ಹಾಕಿಟ್ಟರೆ ದಿನಕ್ಕೆ 40 ಮೈಲಿ ಓಡಿಸುವವರಿಗೆ ಕೊರತೆ ಆಗುವುದಿಲ್ಲ. 240 ವೋಲ್ಟ್ ಇದ್ದರೆ ಚಿಂತೆಯೇ ಇಲ್ಲ. ಬಾಡಿಗೆಯವರು ತಮ್ಮ ಖರ್ಚಿನಲ್ಲಿ ಚಾರ್ಜರ್ ಹಾಕಿಸುತ್ತೇವೆ ಅಂತ ಲಿಖಿತವಾಗಿ ಕೇಳಿದರೆ ಮನೆ ಮಾಲೀಕರು ಒಪ್ಪಬೇಕು ಅನ್ನುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿದೆ. ಕೆಲವು ವಿನಾಯಿತಿಗಳಿವೆ, ಖರ್ಚೂ ಜಾಸ್ತಿ. ಹಾಗಾಗಿ ಒಂದೆರಡು ವರ್ಷ ಮಾತ್ರ ಇರುವ ಮನೆಗೆ ಅದು ಹೊಂದುವುದಿಲ್ಲ.

ಮನೆಯಲ್ಲೂ ಇಲ್ಲ, ಆಫೀಸಿನಲ್ಲೂ ಇಲ್ಲ, ಹೊರಗಿನ ಫಾಸ್ಟ್ ಚಾರ್ಜರೇ ಗತಿ ಅಂದರೆ ದಯವಿಟ್ಟು ಒಮ್ಮೆ ಯೋಚಿಸಿ. ಅಲ್ಲಿ ಒಂದು ಯೂನಿಟ್‌ಗೆ 50-60 ಸೆಂಟ್ ಆಗುವುದು ಮಾಮೂಲು. ಒಂದು ಯೂನಿಟ್‌ಗೆ ಮೂರೂವರೆ ಮೈಲಿ ಅಂತಿಟ್ಟುಕೊಂಡರೂ ಮೈಲಿಗೆ 14ರಿಂದ 17 ಸೆಂಟ್ ಆಗುತ್ತದೆ. ಗ್ಯಾಲನ್‌ಗೆ 50 ಮೈಲಿ ಕೊಡುವ ಹೈಬ್ರಿಡ್ ಕಾರು ಇದಕ್ಕಿಂತ ಅಗ್ಗವಾಗಿ ಓಡುತ್ತದೆ. ಮನೆಯಲ್ಲಿ ರಾತ್ರಿ ಚಾರ್ಜ್ ಮಾಡಿದರೆ ಇದರ ಅರ್ಧ ಸಾಕು, ಆದರೆ ಪಿಜಿ ಅಂಡ್ ಇ ವಿದ್ಯುತ್ ಕಂಪನಿಯ ಎಲೆಕ್ಟ್ರಿಕ್ ಕಾರಿನ ಪ್ಲಾನ್‌ಗೆ ಬದಲಾಯಿಸಿಕೊಳ್ಳಬೇಕು ಮತ್ತು ಸಂಜೆ 4ರಿಂದ 9ರವರೆಗೆ ಪ್ಲಗ್ ಹಾಕಬಾರದು. ಆಗ ದರ ಅತಿ ಹೆಚ್ಚು. ಸಾಂಟಾ ಕ್ಲಾರಾ ನಗರದೊಳಗೆ ಮನೆ ಸಿಕ್ಕಿದರೆ ಅಲ್ಲಿ ನಗರದ್ದೇ ವಿದ್ಯುತ್ ಸಂಸ್ಥೆ ಇದೆ, ದರ ಎಷ್ಟೋ ಕಡಿಮೆ. ಬಾಡಿಗೆ ಹೋಲಿಸುವಾಗ ಇದನ್ನೂ ಸೇರಿಸಿಕೊಳ್ಳಿ.

7,500 ಡಾಲರ್ ಈಗ ಇಲ್ಲ

ಎರಡು ವರ್ಷದ ಹಿಂದೆ ಬಂದ ಗೆಳೆಯರ ಸಲಹೆ ಈಗ ಕೆಲಸಕ್ಕೆ ಬರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಕಾಲ ಬದಲಾಗಿದೆ ಅಷ್ಟೇ. 2022ರ ಕಾನೂನಿನ ಪ್ರಕಾರ ಹೊಸ ಎಲೆಕ್ಟ್ರಿಕ್ ಕಾರು ಕೊಂಡವರಿಗೆ 7,500 ಡಾಲರ್‌ವರೆಗೆ ತೆರಿಗೆ ವಿನಾಯಿತಿ ಸಿಗುತ್ತಿತ್ತು, ಆದರೆ ಅದಕ್ಕೆ ಆದಾಯದ ಮಿತಿ ಇತ್ತು, ಕಾರು ಉತ್ತರ ಅಮೆರಿಕದಲ್ಲಿ ಜೋಡಣೆಯಾಗಿರಬೇಕಿತ್ತು. ಲೀಸ್‌ಗೆ ಈ ಷರತ್ತುಗಳು ಇರಲಿಲ್ಲ. ವಿನಾಯಿತಿ ಲೀಸ್ ಕಂಪನಿಗೆ ಹೋಗುತ್ತಿತ್ತು, ಅವರು ಅದನ್ನು ಕಂತಿನಲ್ಲಿ ಇಳಿಸಿ ಕೊಡುತ್ತಿದ್ದರು. ಅದಕ್ಕೇ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಎಲ್ಲರೂ ಲೀಸ್ ಮಾಡಿದ್ದು. 2025ರ ಮೊದಲ ತಿಂಗಳುಗಳಲ್ಲಿ ಈ ದೇಶದಲ್ಲಿ ಹೊಸ ಎಲೆಕ್ಟ್ರಿಕ್ ಕಾರು ತಗೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಲೀಸ್ ಮಾಡಿದ್ದರು.

2025ರ ಸೆಪ್ಟೆಂಬರ್ 30ಕ್ಕೆ ಎಲ್ಲವೂ ನಿಂತುಹೋಯಿತು. ಹಳೆ ಎಲೆಕ್ಟ್ರಿಕ್ ಕಾರಿಗೆ ಸಿಗುತ್ತಿದ್ದ 4,000 ಡಾಲರ್ ಕೂಡ ಹೋಯಿತು. ಒಬ್ಬರೇ ಇದ್ದರೂ ಕಾರ್‌ಪೂಲ್ ಲೇನಿನಲ್ಲಿ ಹೋಗಲು ಬಿಡುತ್ತಿದ್ದ ಕ್ಯಾಲಿಫೋರ್ನಿಯಾದ ಸ್ಟಿಕ್ಕರ್ ಕೂಡ ಅದೇ ದಿನ ಮುಗಿಯಿತು. ಕೊನೆ ದಿನದೊಳಗೆ ತಗೊಂಡುಬಿಡೋಣ ಅಂತ ಜನ ಮುಗಿಬಿದ್ದು, ಆ ಮೂರು ತಿಂಗಳಲ್ಲಿ ಮಾರಾಟ ದಾಖಲೆ ಮುಟ್ಟಿತು. ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಒಂದು ಎಲೆಕ್ಟ್ರಿಕ್. ಅಕ್ಟೋಬರ್‌ನಿಂದ ಬೇಡಿಕೆ ಧಡಕ್ಕನೆ ಬಿತ್ತು.

ಬೇಡಿಕೆ ಬಿದ್ದರೆ ಕೊಳ್ಳುವವರಿಗೆ ಚೌಕಾಸಿ ಮಾಡೋಕೆ ಬಲ ಬರುತ್ತದೆ. ಹ್ಯುಂಡೈ ತನ್ನ 2026ರ ಅಯಾನಿಕ್ 5 ಬೆಲೆಯನ್ನು ಮಾಡೆಲ್ ನೋಡಿಕೊಂಡು 9,800 ಡಾಲರ್‌ವರೆಗೂ ಇಳಿಸಿತು. ಟೆಸ್ಲಾ ಕೆಲವು ಸೌಲಭ್ಯ ತೆಗೆದು ಮಾಡೆಲ್ 3 ಸ್ಟ್ಯಾಂಡರ್ಡ್ ಅನ್ನು 36,990ಕ್ಕೆ ತಂದಿತು. ನಿಸ್ಸಾನ್‌ನ ಹೊಸ ಲೀಫ್ 29,990ರಿಂದ ಶುರುವಾಗುತ್ತದೆ, ಒಂದು ಚಾರ್ಜ್‌ಗೆ 303 ಮೈಲಿ. ಷೆವರ್ಲೆ ಬೋಲ್ಟ್ ಕೂಡ 30,000ದ ಒಳಗೆ ಮತ್ತೆ ಬಂದಿದೆ, 255 ಮೈಲಿಗೂ ಸ್ವಲ್ಪ ಜಾಸ್ತಿ ಹೋಗುತ್ತದೆ. ಇವುಗಳ ಮೇಲೆ ಸಾಗಣೆ ಖರ್ಚು, ತೆರಿಗೆ ಬೇರೆ. ಇಲ್ಲಿ ಹೊಸ ಕಾರಿನ ಸರಾಸರಿ ಬೆಲೆ 2025ರಲ್ಲೇ 50,000 ದಾಟಿರುವಾಗ ಇವು ನಿಜಕ್ಕೂ ಕಡಿಮೆ ಬೆಲೆಯ ಕಾರುಗಳು. ಜನಕ್ಕೆ ಎಲೆಕ್ಟ್ರಿಕ್ ಕಾರು ಬೇಡವಾಗಿದೆ ಅಂತ ಹೇಳುವವರಿದ್ದಾರೆ, ನಮಗೆ ಹಾಗನ್ನಿಸುವುದಿಲ್ಲ. ಐವತ್ತು ಸಾವಿರದ್ದು ಬೇಡವಾಗಿದೆ.

ಲೀಸ್ ಲೆಕ್ಕ ಹೀಗಿದೆ

ಡೀಲರ್ ಹತ್ತಿರ ಕೂತಾಗ ಅವರು ಒಂದೇ ಅಂಕಿ ತೋರಿಸುತ್ತಾರೆ, ತಿಂಗಳ ಕಂತು. ಅದರ ಹಿಂದಿರುವ ಮೂರು ಅಂಕಿಗಳನ್ನು ಕೇಳಿ. ಕಾರಿಗೆ ಒಪ್ಪಿದ ಬೆಲೆ, ಲೀಸ್ ಮುಗಿದಾಗ ಅದಕ್ಕೆ ಉಳಿಯುತ್ತದೆ ಅಂತ ಅವರು ಹಿಡಿದಿರುವ ಬೆಲೆ, ಅಂದರೆ ರೆಸಿಡ್ಯುಯಲ್, ಮತ್ತು ಮನಿ ಫ್ಯಾಕ್ಟರ್. ಮನಿ ಫ್ಯಾಕ್ಟರನ್ನು 2,400ರಿಂದ ಗುಣಿಸಿದರೆ ಬಡ್ಡಿ ದರ ಸಿಗುತ್ತದೆ. 0.0025 ಅಂದರೆ ಶೇಕಡಾ 6.

ಉದಾಹರಣೆಗೆ 35,000 ಡಾಲರ್ ಕಾರು, 36 ತಿಂಗಳು, ರೆಸಿಡ್ಯುಯಲ್ ಶೇಕಡಾ 55 ಅಂದರೆ 19,250. ಇಳಿಯುವ ಬೆಲೆ 15,750, ಅದನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 437. ಬಡ್ಡಿಗೆ ಕಾರಿನ ಬೆಲೆ, ರೆಸಿಡ್ಯುಯಲ್ ಎರಡನ್ನೂ ಕೂಡಿಸಿ ಅದೇ 0.0025 ಮನಿ ಫ್ಯಾಕ್ಟರ್‌ನಿಂದ ಗುಣಿಸಿ, 135 ಬರುತ್ತದೆ. ತೆರಿಗೆ ಬಿಟ್ಟು ಒಟ್ಟು 570ರ ಮೇಲೆ. ಅದೇ ಕಾರಿಗೆ ಕಂಪನಿ 7,000 ರಿಯಾಯಿತಿ ಕೊಟ್ಟರೆ ಕಂತು 360ರ ಸುಮಾರಿಗೆ ಇಳಿಯುತ್ತದೆ. ಅಷ್ಟು ವ್ಯತ್ಯಾಸ! ಅದಕ್ಕೇ ಮೊದಲು ಕಾರಿನ ಬೆಲೆ ಇಳಿಸಿ, ಕಂತಿನ ಮಾತು ಆಮೇಲೆ.

ತಿಂಗಳಿಗೆ 299 ಅಂತ ಜಾಹೀರಾತು ನೋಡಿದರೆ ಕೆಳಗಿನ ಸಣ್ಣ ಅಕ್ಷರ ಓದಿ. ಸಹಿ ಹಾಕುವಾಗ 3,999 ಕಟ್ಟಬೇಕು ಅಂತಿದ್ದರೆ 36 ತಿಂಗಳಿಗೆ ಹಂಚಿ ನೋಡಿ, ನಿಜವಾದ ಕಂತು ಸುಮಾರು 410. ಲೀಸ್‌ಗೆ ದೊಡ್ಡ ಡೌನ್ ಪೇಮೆಂಟ್ ಕಟ್ಟಲೇಬೇಡಿ. ಮರುದಿನ ಯಾರೋ ಬಂದು ಗುದ್ದಿ ಕಾರು ಪೂರ್ತಿ ಹಾಳಾದರೆ ವಿಮೆ ದುಡ್ಡು ಲೀಸ್ ಕಂಪನಿಗೆ ಹೋಗುತ್ತದೆ, ನೀವು ಮುಂಗಡ ಕಟ್ಟಿದ್ದು ವಾಪಸ್ ಬರುವುದಿಲ್ಲ. ವರ್ಷಕ್ಕೆ 10,000 ಮೈಲಿ ಮಿತಿ ಇರುವ ಲೀಸ್ ಸಾಮಾನ್ಯ. ದಾಟಿದರೆ ಮೈಲಿಗೆ 15ರಿಂದ 25 ಸೆಂಟ್. ಬೇಸಿಗೆಗೆ ಅಪ್ಪ ಅಮ್ಮ ಬಂದಾಗ ಯೊಸೆಮಿಟಿ, ಟಾಹೋ, ಲಾಸ್ ಏಂಜಲೀಸ್ ಅಂತ ಓಡಾಡಿದರೆ, ವಾರಾಂತ್ಯಕ್ಕೆ ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿಬಂದರೆ ಈ ಮಿತಿ ಸಾಲುವುದಿಲ್ಲ.

ಲೀಸ್‌ನ ಒಳ್ಳೆಯ ಗುಣವನ್ನೂ ಹೇಳಬೇಕು. ಎಲೆಕ್ಟ್ರಿಕ್ ಕಾರಿನ ಬೆಲೆ ಬೇಗ ಬೀಳುತ್ತದೆ. 2024ರ ಜನವರಿಯಲ್ಲಿ ಕಾರು ಬಾಡಿಗೆಗೆ ಕೊಡುವ ಹರ್ಟ್ಜ್ ಕಂಪನಿ ಸುಮಾರು 20,000 ಎಲೆಕ್ಟ್ರಿಕ್ ಕಾರು ಮಾರುತ್ತೇನೆ ಅಂದಾಗ ಹಳೆ ಟೆಸ್ಲಾ ಇಟ್ಟುಕೊಂಡವರ ಎದೆ ಧಸಕ್ಕೆಂದಿತ್ತು. ಲೀಸ್‌ನಲ್ಲಿ ಆ ನಷ್ಟ ನಿಮ್ಮದಲ್ಲ, ಕಂಪನಿಯದು. ಮೂರು ವರ್ಷ ಇಲ್ಲೇ ಇರುವುದು ಖಾತ್ರಿ, ಮನೆಯಲ್ಲಿ ಚಾರ್ಜರ್ ಇದೆ, ಓಡಾಟ ಕಡಿಮೆ, ಕಂಪನಿಯ ರಿಯಾಯಿತಿಯೂ ಇದೆ ಅಂದರೆ ಖಂಡಿತ ಲೀಸ್ ಮಾಡಿ.

ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ

ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕೆಲಸ ಸಿಗದೆ ಊರಿಗೆ ಹೊರಡಬೇಕಾದರೆ, ಇನ್ನೂ 26 ತಿಂಗಳು ಬಾಕಿ ಇರುವ ಲೀಸನ್ನು ಏನು ಮಾಡುವುದು? ಮಧ್ಯದಲ್ಲಿ ವಾಪಸ್ ಕೊಟ್ಟರೆ ಸಾವಿರಾರು ಡಾಲರ್ ಕೇಳಬಹುದು. ಬೇರೆಯವರ ಹೆಸರಿಗೆ ವರ್ಗಾಯಿಸೋಕೆ ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಸಹಿ ಮಾಡುವ ಮೊದಲೇ ಕೇಳಿ, ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ ತೋರಿಸಿ ಅನ್ನಿ. ಮಧ್ಯದಲ್ಲಿ ಲೀಸ್ ಮುರಿದರೆ ಏನು ಕಟ್ಟಬೇಕು ಅನ್ನುವುದನ್ನು ಒಪ್ಪಂದದಲ್ಲಿ ಬರೆಯಲೇಬೇಕು ಅಂತ ಫೆಡರಲ್ ಕಾನೂನಿದೆ. ಆ ಪುಟ ಹುಡುಕಿ ಓದಿ.

ಸ್ವಂತ ಕಾರಾದರೆ, ಅದರಲ್ಲೂ ಸಾಲ ಚಿಕ್ಕದಿದ್ದರೆ, ಬಿಡುವುದು ಸುಲಭ. ಹಳೆ ಕಾರು ಕೊಳ್ಳುವ ಕಾರ್‌ಮ್ಯಾಕ್ಸ್‌ನಂಥ ಕಡೆ ತಗೊಂಡು ಹೋದರೆ ಅವತ್ತೇ ಬೆಲೆ ಹೇಳುತ್ತಾರೆ, ಆ ಬೆಲೆ 7 ದಿನ ಇರುತ್ತದೆ. ಆದರೆ ಹೊಸ ಕಾರಿಗೆ ಆರು ವರ್ಷದ ದೊಡ್ಡ ಸಾಲ ಮಾಡಿದ್ದರೆ, ಬೆಲೆ ಬಿದ್ದು ಸಾಲವೇ ಜಾಸ್ತಿ ಉಳಿದಿರುತ್ತದೆ. ಅದೂ ಕಷ್ಟವೇ.

ಇನ್ನು ಕ್ರೆಡಿಟ್ ಸ್ಕೋರ್. ನಮ್ಮೂರಿನ ಬ್ಯಾಂಕಿನ ಒಳ್ಳೆ ಹೆಸರನ್ನು ಇಲ್ಲಿ ಸಾಲ ಕೊಡುವವರಲ್ಲಿ ಹೆಚ್ಚಿನವರು ನೋಡುವುದಿಲ್ಲ. ಕ್ರೆಡಿಟ್ ಕಾರ್ಡ್ ತಗೊಂಡು ಆರು ತಿಂಗಳಾದರೂ ಆಗದೆ ಇಲ್ಲಿನ ಸ್ಕೋರ್ ಹುಟ್ಟುವುದಿಲ್ಲ. ಅದಿಲ್ಲದೆ ಹೋದರೆ ಬಡ್ಡಿ ಬಹಳ ಹೇಳುತ್ತಾರೆ. ಕೆಲವು ಕಾರು ಕಂಪನಿಗಳ ಫೈನಾನ್ಸ್ ವಿಭಾಗದಲ್ಲಿ ಕೆಲಸದ ವೀಸಾದವರಿಗೆ ಬೇರೆ ವ್ಯವಸ್ಥೆ ಇರುತ್ತದೆ, ಆಫರ್ ಲೆಟರ್, ಈ ದೇಶಕ್ಕೆ ಬಂದ ದಾಖಲೆಯಾದ ಐ-94, ಪಾಸ್‌ಪೋರ್ಟ್ ತಗೊಂಡು ಹೋಗಿ ಕೇಳಿ. ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ನಲ್ಲೂ ವಿಚಾರಿಸಿ. ಅವಸರವಿಲ್ಲದಿದ್ದರೆ ಆ ಆರು ತಿಂಗಳು ವಿಟಿಎ ಬಸ್ಸು, ಬಾರ್ಟ್ ರೈಲು, ಸ್ನೇಹಿತರ ಜೊತೆ ಅಂತ ಸುಧಾರಿಸಿಕೊಳ್ಳಿ.

ಹಳೆಯದನ್ನು ಕೊಳ್ಳುವಾಗ

2023ರಿಂದ ಮುಗಿಬಿದ್ದು ಲೀಸ್ ಮಾಡಿದ್ದರಲ್ಲ, ಆ ಕಾರುಗಳೆಲ್ಲ ಈಗ ವಾಪಸ್ ಬರುತ್ತಿವೆ. ಕಡಿಮೆ ಓಡಿದವು, ಸಾಮಾನ್ಯವಾಗಿ ಒಬ್ಬರ ಕೈಯಲ್ಲೇ ಇದ್ದವು. ಬೆಲೆ ಬೀಳುವ ದೊಡ್ಡ ಪಾಲು ಆಗಿಹೋಗಿರುತ್ತದೆ. ಹೆಚ್ಚಿನ ಕಂಪನಿಗಳ ಬ್ಯಾಟರಿ ವಾರಂಟಿ 8 ವರ್ಷ ಅಥವಾ 100,000 ಮೈಲಿ, ಮಾಲೀಕರು ಬದಲಾದರೂ ಮುಂದುವರಿಯುತ್ತದೆ. ಮೂರು ವರ್ಷದ ಕಾರಿಗೆ ಇನ್ನೂ ಐದು ವರ್ಷ ಇರುತ್ತದೆ ಅಂತಾಯಿತು.

2017ರಿಂದ 2022ರ ಬೋಲ್ಟ್‌ಗಳನ್ನೆಲ್ಲ ಬ್ಯಾಟರಿ ಬೆಂಕಿಯ ಭಯದಿಂದ ವಾಪಸ್ ಕರೆಸಿದ್ದರು. ಎಷ್ಟೋ ಕಾರುಗಳಿಗೆ ಹೊಸ ಬ್ಯಾಟರಿ ಹಾಕಿಕೊಟ್ಟರು. ಅಂಥದ್ದು ಸಿಕ್ಕಿದರೆ ಊರೊಳಗಿನ ಓಡಾಟಕ್ಕೆ ಇದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ. ಷೆವರ್ಲೆ ಡೀಲರ್‌ಗೆ ಕಾರಿನ ಗುರುತಿನ ಸಂಖ್ಯೆ, ಅಂದರೆ ವಿಐಎನ್ ನಂಬರ್ ಕೊಟ್ಟು ಬ್ಯಾಟರಿ ಬದಲಾಗಿದೆಯಾ ಕೇಳಿ. ಅದರ ಫಾಸ್ಟ್ ಚಾರ್ಜಿಂಗ್ ನಿಧಾನ, ಹೆಚ್ಚೆಂದರೆ 55 ಕಿಲೋವ್ಯಾಟ್, ಹಾಗಾಗಿ ದೂರ ಪ್ರಯಾಣದಲ್ಲಿ ಒಂದು ಗಂಟೆಗೂ ಜಾಸ್ತಿ ಕಾಯಬೇಕು. ಹಳೆ ಲೀಫ್ ಕಾರುಗಳ ಬಗ್ಗೆ ಎಚ್ಚರ. ಬ್ಯಾಟರಿ ತಣ್ಣಗಿಡುವ ವ್ಯವಸ್ಥೆ ಅವುಗಳಲ್ಲಿ ಸರಿಯಾಗಿಲ್ಲ, ಫಾಸ್ಟ್ ಚಾರ್ಜಿಂಗ್‌ಗೆ ಅವಕ್ಕೆ ಬೇಕಾದ ಚಾಡೆಮೊ ಅನ್ನುವ ಪ್ಲಗ್ ಕಡಿಮೆಯಾಗುತ್ತಿದೆ. ಅಷ್ಟೊಂದು ಅಗ್ಗಕ್ಕೆ ಸಿಗುವುದು ಅದಕ್ಕೇ.

ಹೊಸದನ್ನೇ ಸಾಲ ಮಾಡಿ ಕೊಳ್ಳುತ್ತೀರಾದರೆ ಒಂದು ಅನುಕೂಲ ಇದೆ. 2025ರಿಂದ 2028ರವರೆಗೆ ಕಾರು ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 10,000 ಡಾಲರ್‌ವರೆಗೆ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಕಾರು ಹೊಸದಾಗಿರಬೇಕು, ಅಮೆರಿಕದಲ್ಲೇ ಜೋಡಣೆಯಾಗಿರಬೇಕು. ಲೀಸ್‌ಗೆ ಇದು ಇಲ್ಲ. ಬೋಲ್ಟ್ ತಯಾರಾಗುವುದು ಕಾನ್ಸಾಸ್‌ನಲ್ಲಿ, ಸಿಗುತ್ತದೆ. ಲೀಫ್ ಜಪಾನಿನದು, ಸಿಗುವುದಿಲ್ಲ. ದಂಪತಿಯ ಆದಾಯ ಎರಡು ಲಕ್ಷ ಡಾಲರ್ ದಾಟಿದರೆ ಕಡಿಮೆಯಾಗುತ್ತಾ ಹೋಗುತ್ತದೆ.

ಬೇರೆ ರಾಜ್ಯಕ್ಕೆ ಕೆಲಸ ಬದಲಾಗುವ ಹಾಗಿದ್ದರೆ ಇದೂ ಗೊತ್ತಿರಲಿ. ಕ್ಯಾಲಿಫೋರ್ನಿಯಾದಲ್ಲಿ ಲೀಸ್‌ನ ತೆರಿಗೆ ತಿಂಗಳ ಕಂತಿನ ಮೇಲೆ ಬೀಳುತ್ತದೆ, ಟೆಕ್ಸಾಸ್‌ನಲ್ಲಿ ಕಾರಿನ ಪೂರ್ತಿ ಬೆಲೆಯ ಮೇಲೆ ಲೀಸ್ ಕಂಪನಿ ಕಟ್ಟಿ ನಿಮ್ಮಿಂದ ವಸೂಲಿ ಮಾಡುತ್ತದೆ. ಜೊತೆಗೆ ಅಲ್ಲಿ ಎಲೆಕ್ಟ್ರಿಕ್ ಕಾರಿಗೆ ವರ್ಷಕ್ಕೆ 200 ಡಾಲರ್ ಹೆಚ್ಚುವರಿ ಶುಲ್ಕ.

ವಿಮೆಯ ಬೆಲೆಯನ್ನು ಕಾರು ಆರಿಸುವ ಮೊದಲೇ ಕೇಳಿಸಿಕೊಳ್ಳಿ. ಇಲ್ಲಿನ ಚಾಲನಾ ಅನುಭವ ಇಲ್ಲದವರಿಗೆ ತುಂಬಾ ಹೇಳುತ್ತಾರೆ. ಲೀಸ್ ಆದರೆ ಪೂರ್ತಿ ವಿಮೆ ಕಡ್ಡಾಯ, ಹಳೆ ಕಾರನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡರೆ ಎಷ್ಟು ವಿಮೆ ಬೇಕು ಅನ್ನುವುದರಲ್ಲಿ ಒಂದಿಷ್ಟು ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ. ಡೀಲರ್ ಹತ್ತಿರ ಒಬ್ಬರೇ ಹೋಗಲು ಅಳುಕಿದ್ದರೆ ಕೂಟದಲ್ಲಿ ಹೇಳಿ, ವಾರಾಂತ್ಯದಲ್ಲಿ ಯಾರಾದರೂ ಜೊತೆಗೆ ಬರುತ್ತಾರೆ. ಅವತ್ತೇ ಸಹಿ ಮಾಡಿ ಅಂತ ಒತ್ತಾಯ ಮಾಡಿದರೆ ಕಾಗದದ ಫೋಟೋ ತಗೊಂಡು ಎದ್ದು ಬನ್ನಿ. ಹೊಸ ಕಾರಿಗೆ ಸಹಿ ಮಾಡಿ ಮನೆಗೆ ತಂದ ಮೇಲೆ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕು ಇಲ್ಲಿ ಇಲ್ಲ.